ಹಂದಿ ಸಾಕಣೆ: ಗೋಬರ್ ಗ್ಯಾಸ್ ತೊಟ್ಟಿಯಿಂದ ಹೊರಬರುವ ನೀರಿಗೆ ಜಾಗ ಎಲ್ಲಿದೆ?

ಮಾನ್ಯ ಸಂಪಾದಕರೇ,

ರಾಷ್ಟ್ರೀಯ ಜಾನುವಾರು ಮಿಷನ್ ಅಡಿ 2021–22ರಿಂದ 100 ಹೆಣ್ಣು ಮತ್ತು 10 ಗಂಡು ಹಂದಿಗಳ ಘಟಕಕ್ಕೆ ಶೇ 50ರಷ್ಟು, ಗರಿಷ್ಠ 30 ಲಕ್ಷ ರೂಪಾಯಿ ಸಹಾಯಧನ ಸಿಗುತ್ತಿದೆ. ಹಂದಿ ಸಾಕಣೆಯಿಂದ ಬದುಕು ಕಟ್ಟಿಕೊಳ್ಳಲು ಮುಂದೆ ಬರುವ ಯುವಕರಿಗೆ ಇದು ಒಳ್ಳೆಯ ಆಸರೆ. ಆದರೆ ಇಂಥ ಘಟಕಗಳ ಯೋಜನಾ ವರದಿಗಳಲ್ಲಿ ಕೊಟ್ಟಿಗೆ, ತಳಿ, ಮೇವು, ಮಾರುಕಟ್ಟೆಗೆಲ್ಲ ಪುಟಗಟ್ಟಲೆ ಲೆಕ್ಕ ಇದ್ದರೂ ತ್ಯಾಜ್ಯದ ವಿಷಯ ಬಂದಾಗ ‘ಗೋಬರ್ ಗ್ಯಾಸ್ ಘಟಕ ನಿರ್ಮಿಸಲಾಗುವುದು’ ಎಂಬ ಒಂದು ಸಾಲಿಗೆ ಮುಗಿಯುವುದನ್ನು ನಾವು ಮತ್ತೆ ಮತ್ತೆ ನೋಡುತ್ತಿದ್ದೇವೆ. ಆ ಒಂದು ಸಾಲು ಸಾಲದು. ಏಕೆ ಸಾಲದು ಎಂಬುದನ್ನು ಏಷ್ಯಾದ ಹಲವು ದೇಶಗಳು ತಮ್ಮ ಹೊಳೆಗಳನ್ನು ಕೆಡಿಸಿಕೊಂಡ ಮೇಲೆ ಕಲಿತಿವೆ.

ಸಿಂಗಪುರ ಹಂದಿ ಫಾರ್ಮ್‌ಗಳನ್ನು ಕುಡಿಯುವ ನೀರಿನ ಜಲಾನಯನ ಪ್ರದೇಶದಿಂದ ಕರಾವಳಿಯ ಪುಂಗೋಲ್‌ಗೆ ಸ್ಥಳಾಂತರಿಸಿತು. ಅಷ್ಟಕ್ಕೂ ಸಮಸ್ಯೆ ಬಗೆಹರಿಯದೆ 1984ರಲ್ಲಿ ಹಂದಿ ಸಾಕಣೆಯನ್ನೇ ಕೈಬಿಡುವ ತೀರ್ಮಾನ ಮಾಡಿತು. ತೈವಾನ್ ಘನ–ದ್ರವ ಬೇರ್ಪಡಿಕೆ, ಗಾಳಿಯಿಲ್ಲದ ಕೊಳೆಯುವಿಕೆ, ಗಾಳಿ ಊದಿ ಶುದ್ಧೀಕರಣ ಎಂಬ ಮೂರು ಹಂತದ ವ್ಯವಸ್ಥೆಯನ್ನು ದೇಶದುದ್ದಕ್ಕೂ ತಂದಿತು. ಆದರೂ ಕುಡಿಯುವ ನೀರು ಕೊಡುವ ಗಾವೊಪಿಂಗ್ ನದಿಯ ಮೇಲ್ದಂಡೆಯಿಂದ ಹಂದಿಗಳನ್ನು ಪರಿಹಾರ ಕೊಟ್ಟು ತೆರವು ಮಾಡಬೇಕಾಯಿತು. ಚೀನಾದ ಗುವಾಂಗ್‌ಡಾಂಗ್, ಥಾಯ್ಲೆಂಡ್ ಮತ್ತು ವಿಯೆಟ್ನಾಂಗಳಿಂದ ದಕ್ಷಿಣ ಚೀನಾ ಸಮುದ್ರಕ್ಕೆ ಹರಿಯುವ ಜಾನುವಾರು ತ್ಯಾಜ್ಯವನ್ನು ತಗ್ಗಿಸಲು ವಿಶ್ವಬ್ಯಾಂಕ್ ನೆರವಿನಲ್ಲಿ 2006ರಲ್ಲಿ ಯೋಜನೆಯೇ ಶುರುವಾಯಿತು. ವಿಯೆಟ್ನಾಂನಲ್ಲಿ 2003ರಿಂದ ಸಣ್ಣ ಗೋಬರ್ ಗ್ಯಾಸ್ ತೊಟ್ಟಿಗಳು ಊರೂರಿಗೆ ಬಂದವು. ಮುಂದೆ ಹಂದಿಗಳ ಸಂಖ್ಯೆ ಏರಿತು, ತೊಟ್ಟಿಯ ಅಳತೆ ಮಾತ್ರ ಇದ್ದಷ್ಟೇ ಇತ್ತು. ಹೆಚ್ಚಾದ ಗ್ಯಾಸ್ ಗಾಳಿಗೆ ಹೋಯಿತು, ಅರೆಕೊಳೆತ ಬಗ್ಗಡ (ಸಗಣಿ, ಮೂತ್ರ, ನೀರು ಬೆರೆತ ರಾಡಿ) ಕಾಲುವೆಗೆ ಸೇರಿತು.

ಈಗ ನಮ್ಮ ಲೆಕ್ಕಕ್ಕೆ ಬರೋಣ. ನೂರು ತಾಯಿ ಹಂದಿಗಳ ಘಟಕದಲ್ಲಿ ಮರಿಗಳನ್ನೂ ಅಲ್ಲೇ ಬೆಳೆಸಿ ಮಾರಿದರೆ ಕೊಟ್ಟಿಗೆಯಲ್ಲಿ ಯಾವ ಹೊತ್ತಿಗೂ ಎಂಟುನೂರಕ್ಕೆ ಕಡಿಮೆ ತಲೆ ಇರುವುದಿಲ್ಲ. ಐವತ್ತು–ಅರವತ್ತು ಕಿಲೋ ತೂಗುವ ಹಂದಿ ದಿನಕ್ಕೆ ಸಗಣಿ, ಮೂತ್ರ ಸೇರಿ ಸುಮಾರು 5 ಕಿಲೋ ಹಾಕುತ್ತದೆ. ನೀರಿನ ಆಮ್ಲಜನಕವನ್ನು ಕಬಳಿಸುವ ಶಕ್ತಿಯಲ್ಲಿ, ಅಂದರೆ ಬಿಒಡಿ ಲೆಕ್ಕದಲ್ಲಿ, ಒಂದು ಹಂದಿಯ ತ್ಯಾಜ್ಯ ಎರಡು–ಮೂರು ಮನುಷ್ಯರದಕ್ಕೆ ಸಮ. ಹೀಗಾಗಿ ಚರಂಡಿಯಿಲ್ಲದ ಜಾಗದಲ್ಲಿ ಒಂದು ದೊಡ್ಡ ಹಳ್ಳಿಯನ್ನೇ ತಂದು ಕೂರಿಸಿದ ಹಾಗಾಗುತ್ತದೆ.

ಮೊದಲು ಕೈಹಾಕಬೇಕಾದದ್ದು ತೊಳೆಯುವ ನೀರಿಗೆ. ಪೈಪ್ ಹಿಡಿದು ಸಗಣಿಯನ್ನೇ ನೀರಿನಿಂದ ತಳ್ಳುವ ಫಾರ್ಮ್‌ಗಳಲ್ಲಿ ಹಂದಿಯೊಂದಕ್ಕೆ ದಿನಕ್ಕೆ 30 ಲೀಟರ್ ನೀರು ಸಲೀಸಾಗಿ ಖರ್ಚಾಗುತ್ತದೆ. ಸಲಿಕೆ ಅಥವಾ ರಬ್ಬರ್ ಅಂಚಿನ ಹಲಗೆಯಿಂದ ದಿನಕ್ಕೆರಡು ಸಲ ನೀರು ಹಾಕದೆಯೇ ಬಳಿದು, ಆಮೇಲೆ ತೊಳೆದರೆ 10 ಲೀಟರ್ ಸಾಕು. ಇದರ ಪರಿಣಾಮ ತೊಟ್ಟಿಯ ಮೇಲೆ ಹೇಗಾಗುತ್ತದೆ ನೋಡಿ. ನೂರು ಹಂದಿಗಳಿಂದ ತಲಾ 5 ಕಿಲೋ ತ್ಯಾಜ್ಯ, 10 ಲೀಟರ್ ನೀರು ಎಂದರೆ ದಿನಕ್ಕೆ 1.5 ಘನ ಮೀಟರ್. 60 ಘನ ಮೀಟರ್ ತೊಟ್ಟಿಯಲ್ಲಿ ಅದು 40 ದಿನ ನಿಲ್ಲುತ್ತದೆ, ನಮ್ಮ ಹವೆಯಲ್ಲಿ ಚೆನ್ನಾಗಿ ಕೊಳೆಯಲು ಅಷ್ಟು ಬೇಕು. ಅದೇ ತೊಟ್ಟಿಗೆ ತಲಾ 30 ಲೀಟರ್ ನೀರು ಬಿಟ್ಟರೆ ದಿನಕ್ಕೆ 3.5 ಘನ ಮೀಟರ್ ಬಂದು 17 ದಿನಕ್ಕೇ ಹೊರಬೀಳುತ್ತದೆ. ಗ್ಯಾಸ್ ಕಡಿಮೆ, ವಾಸನೆ ಹೆಚ್ಚು. ‘ತೊಟ್ಟಿ ಕೆಟ್ಟಿದೆ’ ಎಂದು ದೂರುವ ಎಷ್ಟೋ ಕಡೆ ಕೆಟ್ಟಿರುವುದು ತೊಟ್ಟಿಯಲ್ಲ, ನಲ್ಲಿಯ ಶಿಸ್ತು.

ನೆಲಕ್ಕೆ ನೂರಕ್ಕೆ ಎರಡು–ಮೂರರಷ್ಟು ಇಳಿಜಾರು ಇರಲಿ. ಕುಡಿಯುವ ನಿಪ್ಪಲ್‌ಗಳನ್ನು ಹಂದಿಯ ಭುಜದ ಮಟ್ಟಕ್ಕೆ ಕೂರಿಸಿ, ಹಂದಿ ಬೆಳೆದಂತೆ ಏರಿಸಬೇಕು. ತಗ್ಗಿನಲ್ಲಿದ್ದರೆ ಅಡ್ಡಡ್ಡ ಕಚ್ಚಿ ಅರ್ಧ ನೀರನ್ನು ನೆಲಕ್ಕೆ ಚೆಲ್ಲುತ್ತವೆ. ಒಂದು ಲೀಟರ್ ಡಬ್ಬಿ ಹಿಡಿದು ನೋಡಿ: ಬೆಳೆಯುವ ಹಂದಿಗೆ ನಿಮಿಷಕ್ಕೆ ಒಂದು ಲೀಟರ್ ಆಸುಪಾಸು ಬಂದರೆ ಸಾಕು. ಸೂರಿನ ಮಳೆನೀರಿಗೆ ದೋಣಿ ಕಟ್ಟಿ ಬೇರೆ ದಾರಿಯಲ್ಲಿ ಬಿಡಬೇಕು. ಅದು ಸಗಣಿ ಕಾಲುವೆಗೆ ಸೇರಿದರೆ ಮೇಲಿನ ಲೆಕ್ಕವೆಲ್ಲ ಒಂದೇ ಮಳೆಗೆ ಕೊಚ್ಚಿಹೋಗುತ್ತದೆ.

ತೊಟ್ಟಿಗೆ ಹೋಗುವ ಮುನ್ನ ಮರಳು ಕೂರುವ ಸಣ್ಣ ಗುಂಡಿ ಮತ್ತು ಅರ್ಧದಿಂದ ಒಂದು ಮಿ.ಮೀ. ಸಂದಿನ ಓರೆ ಜರಡಿ ಬೇಕು. ಮರಳು ಒಳಹೊಕ್ಕರೆ ಎರಡು ಮೂರು ವರ್ಷದಲ್ಲಿ ತಳ ತುಂಬಿ ತೊಟ್ಟಿಯ ಗಾತ್ರ ಸದ್ದಿಲ್ಲದೆ ಕುಗ್ಗುತ್ತದೆ. ಹೋಟೆಲ್ ಮುಸುರೆ ತಿನ್ನಿಸುವವರು ಎಣ್ಣೆ ಜಿಡ್ಡನ್ನು ಮೊದಲೇ ತೆಗೆಯಬೇಕು, ಇಲ್ಲದಿದ್ದರೆ ಮೇಲೆ ಕೆನೆಗಟ್ಟಿ ಗ್ಯಾಸ್ ಏಳುವುದಿಲ್ಲ. ಮುಸುರೆಯನ್ನು ಕುದಿಸದೆ ಕೊಡಲೇಬಾರದು. 2020ರಲ್ಲಿ ಅಸ್ಸಾಂಗೆ ಕಾಲಿಟ್ಟ ಆಫ್ರಿಕನ್ ಹಂದಿ ಜ್ವರ ಹರಡುವ ಮುಖ್ಯ ದಾರಿಗಳಲ್ಲಿ ಅದೂ ಒಂದು. ಫಿನಾಯಿಲ್, ಬ್ಲೀಚಿಂಗ್ ಪುಡಿ ಹಾಕಿ ಕೊಟ್ಟಿಗೆ ತೊಳೆದ ದಿನದ ನೀರು ಗ್ಯಾಸ್ ತೊಟ್ಟಿಗೆ ಹೋಗದಂತೆ ಪಕ್ಕದ ಗುಂಡಿಗೆ ತಿರುಗಿಸುವ ಗೇಟು ಇರಲಿ. ಮೀಥೇನ್ ಹುಟ್ಟಿಸುವ ಸೂಕ್ಷ್ಮಾಣುಗಳು ಸತ್ತರೆ ಮತ್ತೆ ಚೇತರಿಸಿಕೊಳ್ಳಲು ವಾರಗಳೇ ಬೇಕು. ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು: ಬಗ್ಗಡದ ಗುಂಡಿಗೆ, ಗ್ಯಾಸ್ ತೊಟ್ಟಿಗೆ ಯಾವ ಕಾರಣಕ್ಕೂ ಮನುಷ್ಯ ಇಳಿಯಬಾರದು. ಬಗ್ಗಡ ಕಲಕಿದಾಗ ಏಳುವ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಬಿದ್ದವನನ್ನು ಎತ್ತಲು ಇಳಿದವನೂ ಸಾಯುತ್ತಾನೆ.

ಇಷ್ಟೆಲ್ಲ ಸರಿಯಾಗಿ ಮಾಡಿದ ತೊಟ್ಟಿಯಿಂದ ಹೊರಬರುವುದು ಏನು? ನಾವು ಒತ್ತಿ ಹೇಳಬೇಕಾದದ್ದು ಇದನ್ನೇ. ಗೋಬರ್ ಗ್ಯಾಸ್ ತೊಟ್ಟಿ ತೆಗೆಯುವುದು ಇಂಗಾಲವನ್ನು. ಸಾರಜನಕವನ್ನು ಅದು ಮುಟ್ಟುವುದಿಲ್ಲ, ಅಮೋನಿಯಾ ರೂಪಕ್ಕೆ ತಿರುಗಿಸಿ ಹಾಗೇ ಹೊರಗೆ ಕಳಿಸುತ್ತದೆ. ರಂಜಕದ ಒಂದು ಪಾಲು ತಳದ ಕೆಸರಿನಲ್ಲಿ ನಿಲ್ಲುತ್ತದೆ ಅಷ್ಟೆ. ಬಿಒಡಿ ನೂರಕ್ಕೆ 70–80ರಷ್ಟು ಇಳಿದರೂ, ಲೀಟರಿಗೆ ಐದು ಸಾವಿರ ಮಿಲಿಗ್ರಾಂ ಇದ್ದದ್ದು ಒಂದು–ಒಂದೂವರೆ ಸಾವಿರಕ್ಕೆ ಬರುತ್ತದೆ. ಹೊಳೆಗೆ ಬಿಡಲು ನಮ್ಮ ದೇಶದ ಸಾಮಾನ್ಯ ಮಿತಿ 30, ನೀರಾವರಿಗೆ 100. ಥಾಯ್ಲೆಂಡ್ ಕೂಡ ದೊಡ್ಡ ಹಂದಿ ಫಾರ್ಮ್‌ಗಳಿಗೆ 60, ಉಳಿದವಕ್ಕೆ 100 ಎಂದು ಮಿತಿ ಹಾಕಿದೆ. ತೊಟ್ಟಿಯ ನೀರು ತಿಳಿಯಾಗಿ ಕಂಡಿತೆಂದು ಹಳ್ಳಕ್ಕೆ ಬಿಟ್ಟರೆ ಅಮೋನಿಯಾಕ್ಕೆ ಮೊದಲು ಮೀನು ಸಾಯುತ್ತವೆ. ಜಂಬಿಟ್ಟಿಗೆ ಮಣ್ಣಿನಲ್ಲಿ ಇಂಗಿಸಿದರೆ ನೈಟ್ರೇಟ್ ಆಗಿ ಬಾವಿಗೆ ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿ.ಗ್ರಾಂ ದಾಟಬಾರದು.

ಆ ನೀರನ್ನು ಬಳಸಬಲ್ಲದ್ದು ಬೆಳೆ. ಅದಕ್ಕೂ ಒಂದು ಮಿತಿ ಇದೆ. ಬೆಳೆಯುವ ಹಂದಿ ವರ್ಷಕ್ಕೆ ಎಂಟು–ಹತ್ತು ಕಿಲೋ ಸಾರಜನಕ ಹೊರಹಾಕುತ್ತದೆ. ಶೇಖರಣೆಯಲ್ಲಿ ಒಂದಿಷ್ಟು ಗಾಳಿಗೆ ಹೋಗಿ, ನೂರು ಹಂದಿಯಿಂದ ನೆಲಕ್ಕೆ ತಲುಪುವುದು 500–600 ಕಿಲೋ ಎಂದುಕೊಳ್ಳಿ. ಯುರೋಪಿನ ನಿಯಮದಂತೆ ಹೆಕ್ಟೇರಿಗೆ ವರ್ಷಕ್ಕೆ 170 ಕಿಲೋ ಮೀರಬಾರದು ಎಂದರೆ ಸುಮಾರು 8 ಎಕರೆ ಬೇಕು. ವರ್ಷವಿಡೀ ಕೊಯ್ಯುವ ಹೈಬ್ರಿಡ್ ನೇಪಿಯರ್ ಹುಲ್ಲು ಹೆಚ್ಚು ಹೀರುತ್ತದೆ, ನೀರಾವರಿ ಇದ್ದರೆ ಅದರ ಅರ್ಧ ಸಾಲಬಹುದು. ಇದೇ ಲೆಕ್ಕವನ್ನು ನೂರು ತಾಯಿ ಹಂದಿಗಳ ಪೂರ್ತಿ ಘಟಕಕ್ಕೆ ಹಚ್ಚಿದರೆ, ಸಣ್ಣ ಮರಿಗಳು ಕಡಿಮೆ ಹಾಕುತ್ತವೆ ಎಂದು ಕಳೆದರೂ, ಐವತ್ತು ಎಕರೆಯ ಹತ್ತಿರ ಹೋಗುತ್ತದೆ. ಎರಡು ಎಕರೆ ಜಾಗದಲ್ಲಿ ಅಂಥ ಘಟಕಕ್ಕೆ ಒಪ್ಪಿಗೆ ಕೊಡುವುದಾದರೆ, ಉಳಿದದ್ದು ಯಾರ ಜಮೀನಿಗೆ ಹೋಗುತ್ತದೆ ಎಂಬ ಒಪ್ಪಂದವೂ ಕಾಗದದ ಮೇಲೆ ಇರಬೇಕು. ತೈವಾನ್ ಕೂಡ ದಶಕಗಳ ಕಾಲ ಶುದ್ಧೀಕರಿಸಿ ಹೊಳೆಗೆ ಬಿಡುವ ದಾರಿಯನ್ನೇ ನೆಚ್ಚಿಕೊಂಡಿದ್ದು, ಕಳೆದ ದಶಕದಲ್ಲಿ ನಿಯಮ ತಿದ್ದಿ ಬಗ್ಗಡವನ್ನು ಹೊಲಕ್ಕೆ ಗೊಬ್ಬರವಾಗಿ ಕೊಡಲು ದಾರಿ ಮಾಡಿತು.

ಮಲೆನಾಡು, ಕೊಡಗಿನಲ್ಲಿ ಇದಕ್ಕಿಂತ ದೊಡ್ಡ ತೊಡಕು ಜೂನ್‌ನಿಂದ ಸೆಪ್ಟೆಂಬರ್. ಮಣ್ಣು ನೀರು ಕುಡಿದು ತುಂಬಿರುವಾಗ ಕಾಫಿ ತೋಟದ ಇಳಿಜಾರಿಗೆ ಬಗ್ಗಡ ಹಾಕಿದರೆ ಅದು ಗಂಟೆಯೊಳಗೆ ತೋಡಿನಲ್ಲಿರುತ್ತದೆ, ತೋಡಿನಿಂದ ಕಾವೇರಿಗೆ. ಆದ್ದರಿಂದ ಕನಿಷ್ಠ 120 ದಿನದ ಶೇಖರಣೆ ಬೇಕು. ನೂರು ಹಂದಿಗೆ 180 ಘನ ಮೀಟರ್. ಅದನ್ನು ನೂರು ಚದರ ಮೀಟರ್ ಅಗಲದ ತೆರೆದ ಹೊಂಡವಾಗಿ ತೋಡಿದರೆ, ಮೂರು ಸಾವಿರ ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಆಕಾಶದಿಂದಲೇ 300 ಘನ ಮೀಟರ್ ಬೀಳುತ್ತದೆ! ಬಗ್ಗಡಕ್ಕಿಂತ ಮಳೆಯೇ ಜಾಸ್ತಿಯಾಗಿ ಜುಲೈ ಹೊತ್ತಿಗೆ ಹೊಂಡ ಒಡೆಯುತ್ತದೆ, ಇಲ್ಲವೇ ರಾತ್ರಿ ಮಳೆಯಲ್ಲಿ ಯಾರೋ ತೂಬು ತೆಗೆಯುತ್ತಾರೆ. ಹೊಂಡದ ತಳಕ್ಕೆ ಒಂದು ಮಿ.ಮೀ. ದಪ್ಪದ ಗಟ್ಟಿ ಪ್ಲಾಸ್ಟಿಕ್‌ನ ಎಚ್‌ಡಿಪಿಇ ಹಾಳೆ, ಮೇಲೆ ತಗಡಿನ ಸೂರು ಅಥವಾ ಅದೇ ಹಾಳೆಯ ಹೊದಿಕೆ, ಅಂಚಿನಿಂದ ಕೆಳಗೆ ಎರಡು ಅಡಿ ಖಾಲಿ ಜಾಗ ಇವು ಅಲ್ಲಿ ಕಡ್ಡಾಯವಾಗಬೇಕು. ತೆರೆದು ನಿಂತ ಬಗ್ಗಡ ಕ್ಯೂಲೆಕ್ಸ್ ಸೊಳ್ಳೆಗಳನ್ನೂ ಬೆಳೆಸುತ್ತದೆ. ಮಿದುಳು ಜ್ವರ ತರುವ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸು ಹಂದಿಯ ಮೈಯಲ್ಲಿ ವೃದ್ಧಿಯಾಗಿ ಈ ಜಾತಿಯ ಸೊಳ್ಳೆಗಳ ಮೂಲಕವೇ ಮಕ್ಕಳಿಗೆ ದಾಟುತ್ತದೆ ಎಂಬುದನ್ನು ಮರೆಯಬಾರದು.

ನೀರು ಕಡಿಮೆ ಇರುವ, ಜಮೀನೂ ಕಡಿಮೆ ಇರುವ ಸಣ್ಣ ಸಾಕಣೆದಾರರಿಗೆ ನಮ್ಮ ಸಲಹೆ ಬೇರೆ. ಬಳಿದ ಸಗಣಿಯನ್ನು ತೊಟ್ಟಿಗೆ ಹಾಕದೆ ಕಾಂಪೋಸ್ಟ್ ಮಾಡಿ ಮಾರಿ. ರಂಜಕದ ಬಹುಪಾಲು ಸಗಣಿಯಲ್ಲಿ, ಸಾರಜನಕದ ಹೆಚ್ಚು ಪಾಲು ಮೂತ್ರದಲ್ಲಿ ಇರುವುದರಿಂದ, ಸಗಣಿ ಫಾರ್ಮ್‌ನಿಂದ ಹೊರಗೆ ಹೋದಷ್ಟೂ ನಿಮ್ಮ ನೆಲದ ಮೇಲಿನ ರಂಜಕದ ಹೊರೆ ಇಳಿಯುತ್ತದೆ. ಹಂದಿ ಸಗಣಿಯಲ್ಲಿ ಸಾರಜನಕಕ್ಕೆ ಹೋಲಿಸಿದರೆ ಇಂಗಾಲ ಕಡಿಮೆ. ತೆಂಗಿನ ನಾರಿನ ಪುಡಿ, ಭತ್ತದ ಹೊಟ್ಟು, ತರಗೆಲೆ ಸೇರಿಸಿ ಇಂಗಾಲವನ್ನು 25–30 ಪಟ್ಟಿಗೆ ತರಬೇಕು. ಹಿಡಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡುವಷ್ಟು ತೇವ ಸರಿ. ರಾಶಿಯ ಒಳಗೆ 55 ಡಿಗ್ರಿ 15 ದಿನ ನಿಲ್ಲಬೇಕು, ಅಷ್ಟರಲ್ಲಿ ಐದು ಸಲ ಮಗುಚಬೇಕು. ರಾಶಿಯ ಎಲ್ಲ ಭಾಗಕ್ಕೂ ಆ ಬಿಸಿ ತಗುಲಿದರೇನೇ ಜಂತುಹುಳುವಿನ ಮೊಟ್ಟೆ ಸಾಯುತ್ತದೆ. ಅಮೋನಿಯಾ ಮೂಗಿಗೆ ಬಡಿದರೆ ಹೊಟ್ಟು ಸಾಲದು ಎಂದೇ ಅರ್ಥ. ಮರದ ಹೊಟ್ಟನ್ನು ಎರಡು–ಮೂರು ಅಡಿ ಹಾಸಿ, ತೊಳೆಯದೆಯೇ ಸಾಕುವ ಡೀಪ್ ಲಿಟರ್ ಪದ್ಧತಿಯೂ ಇದೆ. ನೀರಿನ ದೃಷ್ಟಿಯಿಂದ ಅತ್ಯುತ್ತಮ. ಆದರೆ ಬಯಲುಸೀಮೆಯ ಏಪ್ರಿಲ್ ಸೆಕೆಗೆ ಹಾಸಿನ ಬಿಸಿ ಹಂದಿಗೆ ತಡೆಯದು.

ಮೇವಿನಲ್ಲೂ ಉಳಿತಾಯ ಇದೆ. ಲೈಸಿನ್ ಎಂಬ ಅಮೈನೋ ಆಮ್ಲ ಸೇರಿಸಿ ಮೇವಿನ ಪ್ರೋಟೀನ್ ಅನ್ನು ಶೇ 18ರಿಂದ 17ಕ್ಕೆ ಇಳಿಸಿದರೆ, ಹೊರಬರುವ ಸಾರಜನಕ ನೂರಕ್ಕೆ ಎಂಟರಷ್ಟಾದರೂ ಕಡಿಮೆಯಾಗುತ್ತದೆ. ಧಾನ್ಯದ ರಂಜಕವನ್ನು ಜೀರ್ಣವಾಗುವಂತೆ ಮಾಡುವ ಫೈಟೇಸ್ ಕಿಣ್ವ ಬಳಸಿದರೆ ಹೊರಬರುವ ರಂಜಕ ಇಳಿಯುತ್ತದೆ. ಬೇಗ ಬೆಳೆಯಲೆಂದು ಮೇವಿಗೆ ಅತಿಯಾಗಿ ಸುರಿಯುವ ತಾಮ್ರ, ಸತುವು ಮಾತ್ರ ಯಾವ ತೊಟ್ಟಿಯಲ್ಲೂ ಕರಗುವುದಿಲ್ಲ, ವರ್ಷ ವರ್ಷ ಮಣ್ಣಿನಲ್ಲಿ ಕೂಡುತ್ತಲೇ ಹೋಗುತ್ತದೆ. ಸತ್ತ ಹಂದಿಗಳ ವಿಷಯಕ್ಕೆ ಶಾಂಘೈನ ಉದಾಹರಣೆ ಸಾಕು: 2013ರ ಮಾರ್ಚ್‌ನಲ್ಲಿ ಆ ನಗರಕ್ಕೆ ನೀರು ಕೊಡುವ ಹುವಾಂಗ್‌ಪು ನದಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹಂದಿ ಹೆಣಗಳು ತೇಲಿದವು. ಹೂಳಲು ಬಾವಿ, ಹೊಳೆಯಿಂದ ದೂರದ ಎತ್ತರದ ಜಾಗ, ಸುಣ್ಣ, ಆರಡಿ ಆಳದ ಗುಂಡಿ ಫಾರ್ಮ್ ಶುರುವಾಗುವ ದಿನವೇ ಗುರುತಾಗಿರಬೇಕು.

ಪಶುಸಂಗೋಪನಾ ಇಲಾಖೆ ಮತ್ತು ಸಾಲ ಕೊಡುವ ಬ್ಯಾಂಕುಗಳಲ್ಲಿ ನಮ್ಮ ಒತ್ತಾಯ ಇಷ್ಟೆ. ಸಹಾಯಧನದ ಅರ್ಜಿಯಲ್ಲಿ ಬರೀ ತಾಯಿ ಹಂದಿಗಳ ಬದಲು ಕೊಟ್ಟಿಗೆಯಲ್ಲಿರುವ ಒಟ್ಟು ತಲೆ ಎಷ್ಟು ಎಂದು ಕೇಳಿ. ಹಂದಿಯೊಂದಕ್ಕೆ ದಿನಕ್ಕೆ ಎಷ್ಟು ಲೀಟರ್ ನೀರು, ತೊಟ್ಟಿಯಲ್ಲಿ ಎಷ್ಟು ದಿನ, ಮಳೆಗಾಲಕ್ಕೆ ಎಷ್ಟು ಘನ ಮೀಟರ್ ಶೇಖರಣೆ, ಬಗ್ಗಡ ಹೋಗುವ ಜಮೀನಿನ ಸರ್ವೆ ನಂಬರ್ ಯಾವುದು ಎಂಬ ನಾಲ್ಕು ಅಂಕಣಗಳನ್ನು ಸೇರಿಸಿ. ಶೇಖರಣಾ ಹೊಂಡ ಮತ್ತು ಹೊದಿಕೆಯ ಖರ್ಚನ್ನು ಸಹಾಯಧನದ ಲೆಕ್ಕಕ್ಕೆ ತೆಗೆದುಕೊಳ್ಳಿ, ಕಂತಿನ ಹಣ ಬಿಡುಗಡೆಗೆ ಮುನ್ನ ಅದು ಕಟ್ಟಿದ್ದಾರೆಯೇ ಎಂದು ನೋಡಿ. ಫಾರ್ಮ್‌ನ ಕೆಳಗಿನ ಬಾವಿಯ ನೈಟ್ರೇಟನ್ನು ಹಂದಿ ತರುವ ಮುನ್ನ ಒಮ್ಮೆ, ಆಮೇಲೆ ಪ್ರತಿ ವರ್ಷ ಮಳೆಗಾಲದ ಮೊದಲು ಮತ್ತು ನಂತರ ಅಳೆಸಿ ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಫಲಕಕ್ಕೆ ಹಚ್ಚಿ.

— ಹಂದಿ ಸಾಕಣೆ ತ್ಯಾಜ್ಯ ನಿರ್ವಹಣೆಯಲ್ಲಿ ತೊಡಗಿರುವ ಪಶುವೈದ್ಯರು ಮತ್ತು ಎಂಜಿನಿಯರ್‌ಗಳು