ನೀಲಿಗಟ್ಟಿದ ಉಕ್ಕು ಬೆಸುಗೆಯ ಕೊಳೆಯನ್ನು ಮುಚ್ಚುವುದಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ, ಉಕ್ಕಿನ ಸ್ಟ್ಯಾಂಡೊಂದನ್ನು ಸ್ವಂತ ಕಾರ್ಯಾಗಾರದಲ್ಲಿ ಮಾಡಿಕೊಳ್ಳುವ ಬಗೆಗಿನ ಲೇಖನವನ್ನು ಆಸಕ್ತಿಯಿಂದ ಓದಿದೆ. ಕೈಕೆಲಸದ ವಿಷಯಕ್ಕೆ ಅರ್ಧ ಪುಟವನ್ನೇ ಮೀಸಲಿಟ್ಟಿರುವುದು ಸಂತೋಷದ ಸಂಗತಿ. ಆದರೆ ಬ್ರೇಜಿಂಗ್ (ಹಿತ್ತಾಳೆ ಅಥವಾ ಬೆಳ್ಳಿಯ ಕಡ್ಡಿಯನ್ನು ಕರಗಿಸಿ ಉಕ್ಕನ್ನು ಕೂಡಿಸುವುದು) ಮಾಡುವಾಗ ಉಳಿಯುವ ಕಲೆ, ಕರೆಗಳ ಬಗ್ಗೆ ಚಿಂತಿಸಬೇಕಿಲ್ಲ, ಕೊನೆಯಲ್ಲಿ ಬ್ಲೂಯಿಂಗ್ (ಉಕ್ಕಿನ ಮೈಯನ್ನೇ ನೀಲಿಗಟ್ಟಿಸುವುದು) ಮಾಡಿದರೆ ಎಲ್ಲವೂ ಮುಚ್ಚಿಹೋಗುತ್ತದೆ ಎಂಬ ಅರ್ಥದ ಮಾತೊಂದು ಅದರಲ್ಲಿದೆ. ಹವ್ಯಾಸಕ್ಕಾಗಿ ಅನೇಕ ವರ್ಷಗಳಿಂದ ಲೋಹದ ಕೆಲಸ ಮಾಡಿಕೊಂಡು ಬಂದಿರುವ ನನಗೆ ಈ ಮಾತು ಸಂಪೂರ್ಣ ತಲೆಕೆಳಗಾಗಿ ಕಂಡಿತು. ಬಣ್ಣದ ಡಬ್ಬಿ ಅನೇಕ ತಪ್ಪುಗಳನ್ನು ಮುಚ್ಚುತ್ತದೆ, ನಿಜ. ಬ್ಲೂಯಿಂಗ್ ಮಾತ್ರ ಒಂದನ್ನೂ ಮುಚ್ಚುವುದಿಲ್ಲ. ಅದುವರೆಗೆ ಕಣ್ಣಿಗೆ ಬೀಳದಿದ್ದ ತಪ್ಪುಗಳನ್ನೂ ಎತ್ತಿ ತೋರಿಸುತ್ತದೆ.

ಗೊಂದಲ ಶುರುವಾಗುವುದು 'ಬೆಸುಗೆ' ಎಂಬ ಪದದಿಂದಲೇ. ನಮ್ಮಲ್ಲಿ ರೇಡಿಯೊದ ತಂತಿಗೆ ಸೀಸ ಹಾಕುವುದೂ ಬೆಸುಗೆ, ಕಬ್ಬಿಣದ ಗೇಟನ್ನು ವೆಲ್ಡಿಂಗ್ ಮಾಡುವುದೂ ಬೆಸುಗೆ, ಹಿತ್ತಾಳೆ ಕಡ್ಡಿಯಿಂದ ಸೈಕಲ್ಲಿನ ಚೌಕಟ್ಟನ್ನು ಕೂಡಿಸುವುದೂ ಬೆಸುಗೆಯೇ. ಲೇಖಕರು ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗಿದ್ದಾರೆ. ವೆಲ್ಡಿಂಗ್‌ನಲ್ಲಿ ಕೂಡಿಸಬೇಕಾದ ಉಕ್ಕೇ ಕರಗಬೇಕು; ಅದಕ್ಕೆ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬೇಕು. ಬ್ರೇಜಿಂಗ್‌ನಲ್ಲಿ ಉಕ್ಕು ಕರಗುವುದಿಲ್ಲ, ನಡುವೆ ಸೇರಿಸುವ ಲೋಹವಷ್ಟೇ ಕರಗುತ್ತದೆ. ಆ ಲೋಹ 450 ಡಿಗ್ರಿಗಿಂತ ಮೇಲೆ ಕರಗುವಂಥದ್ದಾದರೆ ಬ್ರೇಜಿಂಗ್, ಕೆಳಗಾದರೆ ಸೋಲ್ಡರಿಂಗ್ ಎಂಬುದು ಒಪ್ಪಿತವಾದ ಗಡಿ. ಅರ್ಧದಷ್ಟು ಬೆಳ್ಳಿಯಿರುವ ಬ್ರೇಜಿಂಗ್ ಕಡ್ಡಿಗಳು 620ರಿಂದ 650 ಡಿಗ್ರಿಯ ಆಸುಪಾಸಿನಲ್ಲಿ ಹರಿದರೆ, ಹಿತ್ತಾಳೆ ಕಡ್ಡಿಗೆ ಸುಮಾರು 900 ಡಿಗ್ರಿ ಬೇಕು. ತವರ ಮತ್ತು ಸೀಸ ಬೆರೆಸಿದ ಸಾಮಾನ್ಯ ಸೋಲ್ಡರ್ 183 ಡಿಗ್ರಿಯಲ್ಲಿಯೇ ಕರಗತೊಡಗುತ್ತದೆ. ಇದನ್ನು ಶಬ್ದದ ಜಗಳವೆಂದು ತಳ್ಳಿಹಾಕುವಂತಿಲ್ಲ. ಲೇಖನವನ್ನು ನಂಬಿ ಯಾರಾದರೂ ಸೋಲ್ಡರ್‌ನಿಂದ ಕಾಲುಗಳನ್ನು ಕೂಡಿಸಿ, ಆಮೇಲೆ ಅದೇ ಲೇಖನ ಹೇಳುವಂತೆ ಬೆಂಕಿಯ ಶಾಖದಿಂದ ನೀಲಿ ಬಣ್ಣ ಬರಿಸಲು ಹೊರಟರೆ, ನೀಲಿ ಮೂಡುವ 300 ಡಿಗ್ರಿಯನ್ನು ತಲುಪುವ ಎಷ್ಟೋ ಮೊದಲೇ ಕಾಲುಗಳು ಕಳಚಿ ಕೆಳಗೆ ಬಿದ್ದಿರುತ್ತವೆ.

ಬ್ರೇಜಿಂಗ್‌ನ ಬಲ ಇರುವುದು ಹೊರಗೆ ಕಾಣುವ ಹಿತ್ತಾಳೆಯ ಗುಡ್ಡೆಯಲ್ಲಲ್ಲ, ಒಳಗಿನ ಸಂದಿನಲ್ಲಿ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವಂತೆ, ಎರಡು ಉಕ್ಕಿನ ಮೈಗಳ ನಡುವಿನ ಕಿರಿದಾದ ಸಂದು ಕರಗಿದ ಲೋಹವನ್ನು ತಾನಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಬೆಳ್ಳಿಯ ಕಡ್ಡಿಗೆ ಆ ಸಂದು 0.05ರಿಂದ 0.15 ಮಿಲಿಮೀಟರ್ ಇರಬೇಕು. ಅಂದರೆ ತಮ್ಮ ಪತ್ರಿಕೆಯ ಒಂದು ಹಾಳೆಯನ್ನು, ಬಹಳವೆಂದರೆ ಎರಡು ಹಾಳೆಯನ್ನು ನಡುವೆ ತೂರಿಸುವಷ್ಟು. ನಾನು ಮೊದಲು ಮಾಡಿದ ಸ್ಟ್ಯಾಂಡು ಡ್ರಿಲ್ಲಿಂಗ್ ಯಂತ್ರವೊಂದನ್ನು ನಿಲ್ಲಿಸಲೆಂದು ಮಾಡಿದ್ದು. ಕೊಳವೆಯ ತುದಿಗಳನ್ನು ಗರಗಸದಿಂದ ಕೊಯ್ದಂತೆಯೇ ಬಿಟ್ಟು, ಅರ ಹಾಕುವ ಶ್ರಮವನ್ನು ಉಳಿಸಿ, ಉಂಟಾದ ದೊಡ್ಡ ಬಿರುಕಿನ ಸುತ್ತಲೂ ಹಿತ್ತಾಳೆಯನ್ನು ಧಾರಾಳವಾಗಿ ಮೆತ್ತಿದ್ದೆ. ನೋಡಲು ಬಲು ಗಟ್ಟಿಯಾಗಿತ್ತು. ಎರಡನೆಯ ತಿಂಗಳಿಗೆ ಒಂದು ಕಾಲು ಮುರಿದು ಬಂತು. ಮುರಿದ ಜಾಗವನ್ನು ನೋಡಿದರೆ ಅಂಚಿನಲ್ಲಿ ಹೊಂಬಣ್ಣದ ತೆಳ್ಳನೆಯ ಉಂಗುರ, ಒಳಗೆಲ್ಲ ಸುಟ್ಟು ಕರಿದಾದ ಉಕ್ಕು. ಲೋಹ ಒಳಕ್ಕೆ ಹೋಗಿಯೇ ಇರಲಿಲ್ಲ. ಕಡ್ಡಿಯನ್ನು ಜ್ವಾಲೆಗೆ ಹಿಡಿದು ಹನಿಹನಿಯಾಗಿ ಬೀಳಿಸಿದ್ದೇ ಇದಕ್ಕೆ ಇನ್ನೊಂದು ಕಾರಣ ಎಂದು ಆಮೇಲೆ ತಿಳಿಯಿತು. ಕಾಯಿಸಬೇಕಾದದ್ದು ಕೆಲಸದ ತುಂಡನ್ನು, ಕಡ್ಡಿಯನ್ನಲ್ಲ. ಕರಗಿದ ಲೋಹ ಯಾವಾಗಲೂ ಹೆಚ್ಚು ಕಾದ ಕಡೆಗೆ ಹರಿಯುವುದರಿಂದ, ದಪ್ಪನೆಯ ಬುಡಕ್ಕೆ ಹೆಚ್ಚು ಶಾಖ ಕೊಟ್ಟು, ತೆಳ್ಳನೆಯ ಕಾಲಿಗೆ ಕಡಿಮೆ ಕೊಟ್ಟು, ಎರಡೂ ಒಟ್ಟಿಗೆ ಹದಕ್ಕೆ ಬಂದಾಗ ಕಡ್ಡಿಯನ್ನು ಸಂದಿನ ಬಾಯಿಗೆ ಮುಟ್ಟಿಸಿದರೆ ಸಾಕು. ಬೆಳ್ಳಿ ಕಡ್ಡಿಗೆ ಬಳಸುವ ಫ್ಲಕ್ಸ್, ಅಂದರೆ ಉಕ್ಕನ್ನು ಶುಚಿಯಾಗಿಡಲು ಸಂದಿಗೆ ಹಚ್ಚುವ ಲೇಪ, ಸುಮಾರು 600 ಡಿಗ್ರಿಯಲ್ಲಿ ನೊರೆ ಇಳಿದು ನೀರಿನಂತೆ ತಿಳಿಯಾಗುತ್ತದೆ. ಇದಕ್ಕಿಂತ ಒಳ್ಳೆಯ ಉಷ್ಣಮಾಪಕ ನನಗೆ ಇನ್ನೂ ಸಿಕ್ಕಿಲ್ಲ.

ಲೇಖನದಲ್ಲಿ ಕಾಲುಗಳಿಗೆ ಜಿ.ಐ. ಪೈಪು ಸುಲಭವಾಗಿ ಸಿಗುತ್ತದೆ, ಅದನ್ನೇ ಬಳಸಬಹುದು ಎಂದಿದೆ. ದಯವಿಟ್ಟು ಯಾರೂ ಬಳಸಬಾರದು. ಆ ಪೈಪಿನ ಮೇಲಿರುವುದು ಸತುವಿನ ಲೇಪ; ಸತು 907 ಡಿಗ್ರಿಯಲ್ಲಿ ಕುದಿಯುತ್ತದೆ, ಹಿತ್ತಾಳೆ ಕಡ್ಡಿ ಹರಿಯುವುದೂ ಹೆಚ್ಚುಕಡಿಮೆ ಅಷ್ಟೇ ಶಾಖದಲ್ಲಿ. ಆಗ ಏಳುವ ಬಿಳಿ ಹೊಗೆಯನ್ನು ಸೇವಿಸಿದವರಿಗೆ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಕಾಣಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಅದು ಇಳಿಯುತ್ತದೆ. ಹಳೆಯ ಬೆಳ್ಳಿ ಕಡ್ಡಿಗಳಲ್ಲಿ ಇರುತ್ತಿದ್ದ ಕ್ಯಾಡ್ಮಿಯಮ್ಮಿನ ಹೊಗೆ ಮಾತ್ರ ಇಳಿಯುವಂಥದ್ದಲ್ಲ; ಅದು ಪ್ರಾಣವನ್ನೇ ತೆಗೆಯಬಲ್ಲದು. ಆದ್ದರಿಂದ ಕ್ಯಾಡ್ಮಿಯಂ ಇಲ್ಲವೆಂದು ಸ್ಪಷ್ಟವಾಗಿ ಬರೆದಿರುವ ಕಡ್ಡಿಯನ್ನೇ ಕೊಳ್ಳಬೇಕು, ಗಾಳಿಯಾಡುವ ಜಾಗದಲ್ಲಿಯೇ ಕೆಲಸ ಮಾಡಬೇಕು. ಲೇಪವಿಲ್ಲದ ಸಾದಾ ಉಕ್ಕಿನ ಕೊಳವೆಯಾದರೂ ಎರಡೂ ತುದಿ ಮುಚ್ಚಿಹೋಗುವಂತಿದ್ದರೆ ಮೊದಲೇ ಒಂದು ಸಣ್ಣ ತೂತು ಕೊರೆದಿಡುವುದು ಅಗತ್ಯ. ಒಳಗೆ ಸಿಕ್ಕಿಕೊಂಡ ಗಾಳಿ ಕಾದು ಹಿಗ್ಗಿದಾಗ ಅದು ಇನ್ನೂ ಗಟ್ಟಿಯಾಗದ ಬೆಸುಗೆಯನ್ನು ಸೀಳಿಕೊಂಡೇ ಹೊರಬರುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬಿಳಿಗಾರವಾಗಲಿ ಬೇರೆ ಯಾವುದೇ ಫ್ಲಕ್ಸ್ ಆಗಲಿ, ಅದರ ಕೆಲಸವೇ ಕಾದ ಉಕ್ಕಿನ ಮೇಲೆ ಕಟ್ಟುವ ಆಕ್ಸೈಡನ್ನು ಕರಗಿಸಿ ತನ್ನೊಳಗೆ ಸೇರಿಸಿಕೊಳ್ಳುವುದು. ಬ್ಲೂಯಿಂಗ್ ಎಂಬುದಾದರೋ ಉಕ್ಕಿನ ಮೇಲೆ ಬೇಕೆಂದೇ ಕಟ್ಟಿಸುವ ಆಕ್ಸೈಡಿನ ಪೊರೆ. ಒಂದು ಯಾವುದನ್ನು ತಿಂದುಹಾಕುತ್ತದೆಯೋ ಇನ್ನೊಂದು ಅದರಿಂದಲೇ ಆಗಿದೆ. ಹೀಗಾಗಿ ಲೇಖನದ ಒಂದು ಚಿತ್ರದ ಅಡಿಯಲ್ಲಿ ಸೂಚಿಸಿರುವಂತೆ ಬಿಡಿ ಭಾಗಗಳನ್ನು ಮೊದಲು ನೀಲಿಗಟ್ಟಿಸಿ ಆಮೇಲೆ ಕೂಡಿಸಲು ಹೋದರೆ, ಫ್ಲಕ್ಸ್ ಹರಿದಲ್ಲೆಲ್ಲ ನೀಲಿ ಕರಗಿಹೋಗುತ್ತದೆ, ಹರಿಯದ ಕಡೆ ಶಾಖಕ್ಕೆ ಬೂದು ಬಣ್ಣದ ಕಿಟ್ಟವಾಗುತ್ತದೆ. ಬ್ರೇಜಿಂಗ್ ಮೊದಲು, ಬ್ಲೂಯಿಂಗ್ ಕೊನೆಗೆ. ಈ ಕ್ರಮವನ್ನು ಅದಲುಬದಲು ಮಾಡಲು ಬರುವುದಿಲ್ಲ.

ಬ್ರೇಜಿಂಗ್ ಮುಗಿದ ಮೇಲೆ ಉಳಿಯುವ ಫ್ಲಕ್ಸಿನ ಪದರ ಗಾಜಿನಂತೆ ಉಕ್ಕಿಗೆ ಅಂಟಿರುತ್ತದೆ. ತೆಳ್ಳಗಿರುವ ಕಡೆ ಅದು ಕಣ್ಣಿಗೂ ಕಾಣುವುದಿಲ್ಲ. ಅದರ ಮೇಲೆ ಯಾವ ಬ್ಲೂಯಿಂಗ್ ದ್ರಾವಣವೂ ಕೆಲಸ ಮಾಡದು; ಸ್ಟ್ಯಾಂಡಿನ ಉಳಿದ ಭಾಗವೆಲ್ಲ ಕಪ್ಪುನೀಲಿಯಾಗಿ, ಬೆಸುಗೆಯ ಸುತ್ತ ಮಾತ್ರ ಬಿಳಿಚಿದ ಪಟ್ಟಿಯೊಂದು ಉಳಿಯುತ್ತದೆ. ಲೇಖಕರು ಯಾವ ಕಲೆ ಮುಚ್ಚಿಹೋಗುತ್ತದೆ ಎಂದಿದ್ದಾರೋ ಅದೇ ಕಲೆ ಹೀಗೆ ಹತ್ತು ಮಾರು ದೂರಕ್ಕೂ ಕಾಣುವಂತಾಗುತ್ತದೆ. ಸಂದಿನ ಬದಿಯಲ್ಲಿ ಉಳಿದ ಫ್ಲಕ್ಸ್ ಗಾಳಿಯ ತೇವವನ್ನು ಹೀರಿಕೊಂಡು ಅಲ್ಲಿಂದಲೇ ತುಕ್ಕನ್ನೂ ಹಬ್ಬಿಸುತ್ತದೆ. ಬೆಳ್ಳಿ ಕಡ್ಡಿಯ ಫ್ಲಕ್ಸ್ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಬಿಟ್ಟುಕೊಳ್ಳುತ್ತದೆ. ಹಿತ್ತಾಳೆ ಕಡ್ಡಿಯೊಂದಿಗೆ ಬಳಸುವ ಬಿಳಿಗಾರ ಅಷ್ಟು ವಿಧೇಯವಲ್ಲ. ಬಹಳ ಹೊತ್ತು ನೆನೆಸಿ, ತಂತಿಯ ಬ್ರಷ್ಷಿನಿಂದ ಉಜ್ಜಿ, ಮೂಲೆಗಳಲ್ಲಿ ಅರದ ತುದಿಯಿಂದ ಕೆರೆದು ತೆಗೆಯಬೇಕು. ಬ್ರೇಜಿಂಗ್‌ಗೆ ಅರ್ಧ ಗಂಟೆ ಹಿಡಿದರೆ ಈ ಶುಚಿ ಮಾಡುವ ಕೆಲಸಕ್ಕೆ ನನಗೆ ಅರ್ಧ ದಿನ ಹಿಡಿದದ್ದುಂಟು. ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ನೀಲಿ ಎಂದರೆ ಏನು ಎಂಬುದನ್ನೂ ಎರಡು ಮಾತಿನಲ್ಲಿ ಹೇಳಬೇಕು, ಏಕೆಂದರೆ ಲೇಖನದಲ್ಲಿ 'ನೀಲಿ ಬಣ್ಣ ಬಳಿಯುವುದು' ಎಂದು ಅಚ್ಚಾಗಿದೆ. ಇಲ್ಲಿ ಬಳಿಯುವಂಥದ್ದು ಏನೂ ಇಲ್ಲ. ನಯಮಾಡಿದ ಉಕ್ಕನ್ನು ನಿಧಾನವಾಗಿ ಕಾಯಿಸಿದರೆ ಸುಮಾರು 225 ಡಿಗ್ರಿಗೆ ಒಣಹುಲ್ಲಿನ ಹಳದಿ, 255ರ ಹೊತ್ತಿಗೆ ಕಂದು, 280ರ ಹೊತ್ತಿಗೆ ನೇರಳೆ, 300ರ ಸುತ್ತಮುತ್ತ ನೀಲಿ ಮೂಡುತ್ತದೆ. ಅದನ್ನೂ ದಾಟಿದರೆ ಬಣ್ಣವೆಲ್ಲ ಬೂದಾಗಿಬಿಡುತ್ತದೆ. ಮಳೆನೀರಿನ ಮೇಲೆ ತೇಲುವ ಎಣ್ಣೆಯ ಪೊರೆಯಲ್ಲಿ ಬಣ್ಣಗಳು ಕಾಣುವುದು ಹೇಗೋ ಇದೂ ಹಾಗೆಯೇ, ಅತ್ಯಂತ ತೆಳುವಾದ ಆಕ್ಸೈಡ್ ಪೊರೆಯಲ್ಲಿ ಬೆಳಕು ಆಡುವ ಆಟ. ಗಡಿಯಾರ ರಿಪೇರಿಯವರು ಸಣ್ಣ ತಿರುಪುಗಳನ್ನು ಹಿತ್ತಾಳೆಯ ಪುಡಿಯ ಮೇಲಿಟ್ಟು ಕೆಳಗಿನಿಂದ ಕಾಯಿಸಿ ಇದೇ ನೀಲಿಯನ್ನು ತರಿಸುತ್ತಾರೆ. ತಿರುಪಿಗೆ ಒಪ್ಪುವ ಈ ವಿಧಾನ ಸ್ಟ್ಯಾಂಡಿಗೆ ಒಪ್ಪುವುದು ಕಷ್ಟ. ಕಾಲು ತೆಳು, ಬುಡ ದಪ್ಪ. ಕಾಲು ನೀಲಿ ದಾಟಿ ಬೂದಾಗುವ ವೇಳೆಗೆ ಬುಡ ಇನ್ನೂ ಹಳದಿಯಲ್ಲಿರುತ್ತದೆ. ಟಾರ್ಚ್ ಹಿಡಿದು ಇಡೀ ಸ್ಟ್ಯಾಂಡಿಗೆ ಒಂದೇ ನೀಲಿ ತರಿಸಿದವರನ್ನು ನಾನು ಕಂಡಿಲ್ಲ.

ಬೇರೆ ದಾರಿಯಾಗಿ ಲೇಖನ ಹೇಳಿರುವುದು ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣದ ದ್ರಾವಣದಲ್ಲಿ, 'ಹಳೆಯ ಪಾತ್ರೆಯೊಂದರಲ್ಲಿ' ಕುದಿಸುವುದನ್ನು. ಕಾರ್ಖಾನೆಗಳಲ್ಲಿ ಈ ವಿಧಾನ ರೂಢಿಯಲ್ಲಿದೆ, ಫಲಿತಾಂಶವೂ ಚೆನ್ನ. ಉಕ್ಕಿನ ಮೇಲೆ ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡ್ ಸಮನಾಗಿ ಕಟ್ಟುತ್ತದೆ. ಆದರೆ ಆ ದ್ರಾವಣ ಕುದಿಯುವುದು 140 ಡಿಗ್ರಿಯ ಆಸುಪಾಸಿನಲ್ಲಿ. ಅಷ್ಟು ಕಾದ ಕ್ಷಾರಕ್ಕೆ ಯಾರಾದರೂ ಒಮ್ಮೆಲೇ ತಣ್ಣೀರು ಸುರಿದರೆ ಅದು ಸಿಡಿದು ಮುಖಕ್ಕೆ ಹಾರುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಆ ಹಳೆಯ ಪಾತ್ರೆ ಅಲ್ಯೂಮಿನಿಯಮ್ಮಿನದಾಗಿದ್ದರಂತೂ ಕ್ಷಾರ ಪಾತ್ರೆಯನ್ನೇ ಕರಗಿಸುತ್ತ, ಬೆಂಕಿ ಹತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನು ಹೊರಬಿಡುತ್ತದೆ. ಕೊಳವೆಯ ಕಾಲಿರುವ ಸ್ಟ್ಯಾಂಡಿಗೆ ಇನ್ನೊಂದು ತೊಂದರೆಯೂ ಇದೆ: ಸಂದುಗಳೊಳಗೆ ಹೊಕ್ಕ ಲವಣ ಎಷ್ಟು ತೊಳೆದರೂ ಪೂರ್ತಿ ಹೋಗದೆ, ವಾರಗಟ್ಟಲೆ ಬಿಳಿ ಪುಡಿಯಾಗಿ ಹೊರಕ್ಕೆ ಜಿನುಗುತ್ತಲೇ ಇರುತ್ತದೆ. ಸೂಕ್ತ ಉಕ್ಕಿನ ತೊಟ್ಟಿ, ಮುಖಗವಸು, ಗಾಳಿ ಎಳೆಯುವ ವ್ಯವಸ್ಥೆ ಯಾವುದೂ ಇಲ್ಲದ ಸಣ್ಣ ಕಾರ್ಯಾಗಾರಕ್ಕೆ ಇದನ್ನು ಎರಡು ಸಾಲಿನಲ್ಲಿ ಸೂಚಿಸಿ ಮುಗಿಸಬಾರದಾಗಿತ್ತು. ಒರೆಸಿದರೆ ಸಾಕು ಎನ್ನುವ ತಣ್ಣನೆಯ ಬ್ಲೂಯಿಂಗ್ ದ್ರಾವಣಗಳು ಸುಲಭವೇನೋ ಹೌದು. ಅವುಗಳಲ್ಲಿ ಸಾಮಾನ್ಯವಾಗಿ ವಿಷಕಾರಿ ಸೆಲೆನಿಯಂ ಸಂಯುಕ್ತ ಇರುತ್ತದೆ, ಕೈಗವಸಿಲ್ಲದೆ ಮುಟ್ಟುವಂತಿಲ್ಲ, ಬಣ್ಣವೂ ಬೇಗ ಸವೆಯುತ್ತದೆ.

ನಾನು ಅನುಸರಿಸುವುದು ತುಕ್ಕಿನ ವಿಧಾನವನ್ನು. ತುಕ್ಕನ್ನು ದೂರವಿಡಲು ತುಕ್ಕನ್ನೇ ಕರೆಯುವುದು ಮೊದಮೊದಲು ನನಗೂ ವಿಚಿತ್ರವಾಗಿ ತೋರಿತ್ತು. ಎಮರಿ ಕಾಗದದಿಂದ ನಯಮಾಡಿ, ಜಿಡ್ಡನ್ನು ಪೂರ್ತಿ ತೆಗೆದು, ಆಮೇಲೆ ಬರಿಗೈಯಿಂದ ಮುಟ್ಟದೆ, ತುಕ್ಕು ಹಿಡಿಸುವ ದ್ರಾವಣವನ್ನು ತೆಳುವಾಗಿ ಸವರಿ, ಸ್ಟ್ಯಾಂಡನ್ನು ತೇವದ ಗಾಳಿಯಲ್ಲಿ ಕೆಲವು ಗಂಟೆ ಬಿಟ್ಟರೆ ಕೆಂಪು ತುಕ್ಕಿನ ನವಿರಾದ ಪದರ ಬರುತ್ತದೆ. ಲವಣಗಳಿಲ್ಲದ ಶುದ್ಧ ನೀರಿನಲ್ಲಿ ಕಾಲು ಗಂಟೆ ಕುದಿಸಿದಾಗ ಆ ಕೆಂಪು ಕಣ್ಣೆದುರಿಗೇ ಕಪ್ಪಾಗಿ ಮ್ಯಾಗ್ನೆಟೈಟ್ ಆಗುತ್ತದೆ. ಮೇಲಿನ ಸಡಿಲ ಪುಡಿಯನ್ನು ನವಿರಾದ ಉಕ್ಕಿನ ನಾರಿನಿಂದ ಉಜ್ಜಿ ತೆಗೆದು ಮತ್ತೆ ಸವರಬೇಕು, ಮತ್ತೆ ಕುದಿಸಬೇಕು. ಐದಾರು ಸುತ್ತು ಆದ ಮೇಲೆ ಬರುವ ಆಳವಾದ ಕಪ್ಪುನೀಲಿಗೆ ಬೇರೆ ಯಾವುದೂ ಸಾಟಿಯಲ್ಲ. ಎಲ್ಲವೂ ಕುದಿಯುವ ನೀರಿನ ಶಾಖದಲ್ಲೇ ನಡೆಯುವುದರಿಂದ ಬೆಸುಗೆಗೆ ಯಾವ ಅಪಾಯವೂ ಇಲ್ಲ; ಜೋಡಿ ನಳಿಗೆಯ ಬಂದೂಕುಗಳಲ್ಲಿ ನಳಿಗೆಗಳನ್ನು ಕೂಡಿಸಿರುವ ಮೆದು ಸೋಲ್ಡರನ್ನು ಕಾದ ಕ್ಷಾರ ತಿನ್ನುತ್ತದೆಂದು ಅವುಗಳಿಗೆ ಈ ನಿಧಾನದ ವಿಧಾನವನ್ನೇ ಬಳಸುತ್ತಾರೆ. ಕೊನೆಗೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ದ್ರಾವಣದಲ್ಲಿದ್ದ ಆಮ್ಲದ ಅಂಶವನ್ನು ಕಳೆದು, ಉಕ್ಕು ಇನ್ನೂ ಬೆಚ್ಚಗಿರುವಾಗಲೇ ಎಣ್ಣೆ ಅಥವಾ ಜೇನುಮೇಣ ಸವರಬೇಕು. ಆ ಪೊರೆಯಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ನಿಜವಾಗಿ ತೇವವನ್ನು ತಡೆಯುವುದು ಅದರಲ್ಲಿ ನಿಲ್ಲುವ ಎಣ್ಣೆಯೇ. ಒಮ್ಮೆ ನೀಲಿಗಟ್ಟಿಸಿದರೆ ಜೀವನಪರ್ಯಂತ ತುಕ್ಕು ಬಾರದು ಎಂದು ಲೇಖನ ಹೇಳಿರುವುದೂ ಸರಿಯಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಹಿತ್ತಾಳೆಯಾಗಲಿ ಬೆಳ್ಳಿಯಾಗಲಿ ನೀಲಿಗಟ್ಟುವುದಿಲ್ಲ. ಆಕ್ಸೈಡಾಗಬೇಕಾದ ಕಬ್ಬಿಣವೇ ಅವುಗಳಲ್ಲಿಲ್ಲ. ಪ್ರತಿಯೊಂದು ಕೂಡುಜಾಗದಲ್ಲಿಯೂ ಕಪ್ಪುನೀಲಿಯ ನಡುವೆ ಒಂದು ಹೊಳೆಯುವ ಗೆರೆ ಉಳಿದೇ ಉಳಿಯುತ್ತದೆ. ಆ ಗೆರೆ ಕೂದಲಿನಂತೆ ಸಮನಾಗಿ ಸುತ್ತಲೂ ಬಂದಿದ್ದರೆ ಒಳಗಿನ ಸಂದು ತುಂಬಿದೆ ಎಂದು ಬಹುಮಟ್ಟಿಗೆ ನಂಬಬಹುದು; ಒಂದೆಡೆ ಕಡಿದು ಇನ್ನೊಂದೆಡೆ ದಪ್ಪಗಾಗಿದ್ದರೆ ಏನಾಗಿದೆ ಎಂದು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಲವರು ಇದನ್ನು ಮಸಿಯಿಂದ ಮರೆಮಾಡುತ್ತಾರೆ. ನನ್ನ ಎರಡನೆಯ ಸ್ಟ್ಯಾಂಡಿನಲ್ಲಿ ನಾನು ಅದನ್ನು ಹಾಗೆಯೇ ಬಿಟ್ಟಿದ್ದೇನೆ.

ಮುಂದಿನ ಭಾನುವಾರದ ಪುರವಣಿಯಲ್ಲಿ ತಾವು ತಿದ್ದುಪಡಿಯನ್ನು ಪ್ರಕಟಿಸುವಿರೆಂದು ನಂಬಿದ್ದೇನೆ. ಜಾಗ ಕಡಿಮೆಯಿದ್ದರೆ ಉಳಿದದ್ದನ್ನು ಬಿಟ್ಟರೂ ಚಿಂತೆಯಿಲ್ಲ, ಜಿ.ಐ. ಪೈಪನ್ನು ಬ್ರೇಜಿಂಗ್‌ಗೆ ಬಳಸಬಾರದು ಮತ್ತು ಕಾಸ್ಟಿಕ್ ಸೋಡಾವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಾಯಿಸಬಾರದು ಎಂಬ ಎರಡು ಮಾತುಗಳನ್ನಾದರೂ, ಲೇಖನ ಅಚ್ಚಾದ ಪುಟದಲ್ಲಿಯೇ, ಅದೇ ಗಾತ್ರದ ಅಕ್ಷರಗಳಲ್ಲಿ ಅಚ್ಚುಹಾಕಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಹಳೆಯ ಓದುಗ