ಹೆಗಲು ನೋಯುತ್ತೆ ಅಂತ ಮೊದಲೇ ಹೇಳಿದವರಿಗೆ

ಕಳೆದ ಮಂಗಳವಾರ ನನ್ನ ಮುಟ್ಟಿನ ಎರಡನೇ ದಿನ. ಬೆಳಿಗ್ಗೆ ಬ್ಯಾಂಕಿನ ಕ್ಯಾಶ್ ಕೌಂಟರ್‌ನಲ್ಲಿ ಕೂತವಳು ಸಂಜೆ ಲೆಕ್ಕ ತಾಳೆ ಮಾಡಿಯೇ ಎದ್ದೆ. ಸ್ಟೋರ್ ರೂಮಿಗೆ ಹೋಗಿ ಹಳೆ ಲೆಡ್ಜರ್‌ಗಳ ಪಕ್ಕ ಮಂಡಿ ಮಡಚಿ ಮಲಗಲಿಲ್ಲ. ಮಾತ್ರೆ ನುಂಗಿದ್ದು ಒಂದೇ ಒಂದು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹುಬ್ಬಳ್ಳಿಯ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕ, ಇವತ್ತು ಪೂರ್ತಿ ದಿನ ಕೂತಿದ್ದೆ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಗೊತ್ತಾಯಿತು, ಅವರು ಅಳುತ್ತಿದ್ದರು.

ಆಪರೇಷನ್ ಆಗಿ ಈಗ ಆರು ತಿಂಗಳು. ಅದನ್ನು ದಾಟಿಸಿದ ನಿಮಗೆಲ್ಲ ಒಬ್ಬೊಬ್ಬರಿಗೇ ಥ್ಯಾಂಕ್ಸ್ ಹೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡೆ. ಫೋನಿನಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗಿದ್ದದ್ದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಪದರ ಹೊರಗೆಲ್ಲೋ ಬೆಳೆಯುತ್ತದೆ. ಅಂಡಾಶಯದ ಮೇಲೆ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ. ಅಲ್ಲಿ ಊತ ಬರುತ್ತದೆ, ಗಾಯದ ಕಲೆ ಕಟ್ಟುತ್ತದೆ, ಒಂದು ಅಂಗ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ನನ್ನ ಎಡ ಅಂಡಾಶಯದಲ್ಲಿ 6 ಸೆಂಟಿಮೀಟರಿನ ಚಾಕೊಲೇಟ್ ಸಿಸ್ಟ್ ಇತ್ತು. ಹಳೆಯ ರಕ್ತ ತುಂಬಿ ಕಂದು ಬಣ್ಣಕ್ಕೆ ತಿರುಗಿರುತ್ತೆ, ಅದಕ್ಕೆ ಆ ಹೆಸರು. ಪ್ರಪಂಚದಲ್ಲಿ ಸುಮಾರು 19 ಕೋಟಿ ಹೆಣ್ಣುಮಕ್ಕಳಿಗೆ ಈ ಕಾಯಿಲೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನಗೆ ನೋವು ಶುರುವಾದದ್ದು ಹತ್ತನೇ ಕ್ಲಾಸಿನಲ್ಲಿ. ಅದಕ್ಕೊಂದು ಹೆಸರಿದೆ ಅಂತ ತಿಳಿದದ್ದು 29ನೇ ವಯಸ್ಸಿಗೆ. ನಡುವೆ ಒಬ್ಬ ಡಾಕ್ಟರು "ಮದುವೆ ಆದ್ರೆ ಸರಿಹೋಗುತ್ತೆ" ಅಂದರು. ಮದುವೆ ಆಯಿತು. ಇನ್ನೊಬ್ಬರು "ಮಗು ಆದ್ರೆ ಸರಿಹೋಗುತ್ತೆ" ಅಂದರು. ಆ ಮಾತುಗಳ ಮೇಲೆ ನನಗಿನ್ನೂ ಸಿಟ್ಟಿದೆ. ಆದರೆ ಇವತ್ತು ಅದನ್ನು ಬರೆಯಲು ಕೂತಿಲ್ಲ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಎಂಆರ್‌ಐ ಮಾಡಿಸಲು ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿದ್ದೆ. ಸ್ಕ್ಯಾನಿಂಗ್ ರೂಮಿನ ಹೊರಗೆ ಕುರ್ಚಿಯಲ್ಲಿ ಎಡಗಡೆ ಒತ್ತಿಕೊಂಡು ಕೂತಿದ್ದೆ. ಪಕ್ಕದಲ್ಲಿ ಕೂತಿದ್ದವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದರು: "ತಂಗಿ, ನೋವು ಎಡಗಾಲಿಗೂ ಇಳಿತೈತೇನು?"

ಅಷ್ಟು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಡಾಕ್ಟರುಗಳೂ ಕೇಳಿರಲಿಲ್ಲ. ಹೌದು ಅನ್ನಲಿಕ್ಕೂ ಆಗದೆ ತಲೆ ಆಡಿಸಿದೆ. ಅವರು ತಮ್ಮ ಬ್ಯಾಗಿನಿಂದ ಬಿಸಿನೀರಿನ ಬ್ಯಾಗ್ ತೆಗೆದು ನನ್ನ ಕೈಗಿಟ್ಟರು. ಅವರೇ ಹುಬ್ಬಳ್ಳಿಯ ಅಕ್ಕ. ಅವರಿಂದ ತಿಪಟೂರಿನ ಅಕ್ಕ, ಮೈಸೂರಿನ ಹುಡುಗಿ, ಮಂಗಳೂರಿನ ಟೀಚರ್, ಮಸ್ಕತ್‌ನಲ್ಲಿ ನರ್ಸ್ ಆಗಿರುವ ಉಡುಪಿಯ ಗೆಳತಿ, ಹೀಗೆ ಒಬ್ಬರಿಂದೊಬ್ಬರು ಸಿಕ್ಕರು. ಒಟ್ಟು ಹನ್ನೊಂದು ಜನ. ಎಲ್ಲರಿಗೂ ಇದೇ ಕಾಯಿಲೆ. ಎಂಟು ಜನರಿಗೆ ಆಪರೇಷನ್ ಆಗಿತ್ತು.

ನಿಮ್ಮ ಹೆಸರು ಇಲ್ಲಿ ಹಾಕುವುದಿಲ್ಲ. ಯಾರ ಮನೆಯಲ್ಲಿ ಎಷ್ಟು ಗೊತ್ತಿದೆಯೋ, ಅದು ನಿಮ್ಮ ವಿಷಯ. ಊರಿನ ಹೆಸರಲ್ಲೇ ಕರೆಯುತ್ತೇನೆ.

ಮೈಸೂರಿನ ಹುಡುಗಿಗೆ ಮೊದಲು ಹೇಳಬೇಕು. ನೀನು ನನಗಿಂತ ಆರು ವರ್ಷ ಚಿಕ್ಕವಳು. ಆದರೂ ಡಾಕ್ಟರ ಎದುರು ಹೇಗೆ ಮಾತಾಡಬೇಕು ಅಂತ ಕಲಿಸಿದವಳು ನೀನೇ. ನನಗೆ ಆ ಕುರ್ಚಿಯಲ್ಲಿ ಕೂತ ಕೂಡಲೇ ಎಲ್ಲಾ ಮರೆತುಹೋಗುತ್ತಿತ್ತು. "ಅಕ್ಕ, ಬರ್ಕೊಂಡು ಹೋಗಿ. ಓದಿ ಕೇಳಿ. ನಾಚ್ಕೋಬೇಡಿ" ಅಂತ ನೀನಂದೆ. ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಂಡೆ. ಗಡ್ಡೆ, ಕಲೆಗಳನ್ನು ಬರೀ ಸುಡುತ್ತೀರಾ, ಇಲ್ಲಾ ಕತ್ತರಿಸಿ ತೆಗೆಯುತ್ತೀರಾ? ಕರುಳಿಗೆ ಅಂಟಿದ್ದರೆ ಕರುಳಿನ ಸರ್ಜನ್ ಅವತ್ತು ಇರುತ್ತಾರಾ? ಅಂಡಾಶಯ ತೆಗೆಯಲೇಬೇಕು ಅನ್ನಿಸಿದರೆ ನನ್ನನ್ನು ಕೇಳದೆ ತೆಗೆಯುವುದಿಲ್ಲ ಅಲ್ವಾ? ಸಿಸ್ಟ್ ತೆಗೆಯುವಾಗ ಅಂಡಾಣುಗಳೂ ಸ್ವಲ್ಪ ಕಡಿಮೆ ಆಗಬಹುದು, ಅದಕ್ಕೆ ಮೊದಲೇ ಎಎಂಎಚ್ ಟೆಸ್ಟ್, ಅಂದರೆ ಅಂಡಾಣುಗಳು ಎಷ್ಟು ಉಳಿದಿವೆ ಅಂತ ಅಂದಾಜು ಕೊಡುವ ರಕ್ತಪರೀಕ್ಷೆ, ಮಾಡಿಸುವುದು ಒಳ್ಳೆಯದಲ್ವಾ? ನನಗಿನ್ನೂ ಮಗು ಆಗಿಲ್ಲ. ಈ ಕೊನೆಯ ಪ್ರಶ್ನೆ ನನಗೆ ಹೊಳೆಯುತ್ತಲೇ ಇರಲಿಲ್ಲ. ನನ್ನ ಸರ್ಜನ್ ಮೇಡಂ ಒಂದೊಂದಕ್ಕೂ ಚಿತ್ರ ಬರೆದು ಉತ್ತರ ಹೇಳಿದರು. ಅವರಿಗೂ ನನ್ನ ದೊಡ್ಡ ನಮಸ್ಕಾರ. ವಿಮೆಯ ಪಾಲಿಸಿಯನ್ನು ಸಾಲುಸಾಲು ಓದಿಸಿದ್ದೂ ನೀನೇ. ಈ ಕಾಯಿಲೆಗೆ ಎರಡು ವರ್ಷ ಕಾಯಬೇಕು ಎಂಬ ಷರತ್ತು ಅದರೊಳಗಿತ್ತು. ಜೂನ್‌ಗೆ ನನ್ನ ಎರಡು ವರ್ಷ ಮುಗಿಯಿತು.

ಆಪರೇಷನ್ ಜುಲೈನಲ್ಲೇ ಆಗಬೇಕಿತ್ತು. ಹಿಮೋಗ್ಲೋಬಿನ್ 9.1 ಇದ್ದುದರಿಂದ ಮುಂದೆ ಹಾಕಿದರು. ಆ ದಿನ ತುಂಬಾ ಕುಸಿದಿದ್ದೆ. ಮಸ್ಕತ್‌ನ ಗೆಳತಿ ಡ್ಯೂಟಿ ಮುಗಿಸಿ ಫೋನ್ ಮಾಡಿ, "ಇದು ಒಳ್ಳೇದೇ ಆಯ್ತು ಮಾರಾಯ್ತಿ, ರಕ್ತ ಕಡಿಮೆ ಇಟ್ಕೊಂಡು ಹೋದ್ರೆ ಚೇತರಿಸ್ಕೊಳ್ಳೋದು ಕಷ್ಟ" ಅಂದಳು. ಕಬ್ಬಿಣದ ಮಾತ್ರೆಯನ್ನು ನಿಂಬೆರಸದ ಜೊತೆ ತಗೋ, ಕಾಫಿಯ ಹತ್ತಿರ ತಗೋಬೇಡ ಅಂತ ಅವಳೇ ಹೇಳಿದ್ದು. ಮೂರು ಉಂಡೆಗಳ ಉಸಿರಾಟದ ಸಾಧನ ಕೊಳ್ಳಲು ಹೇಳಿ, ವಿಡಿಯೋದಲ್ಲಿ ಉಸಿರೆಳೆದು ತೋರಿಸಿದಳು. ದಿನಾ ಸಂಜೆ ತುಂಗಾ ನದಿಯ ಕಡೆ ನಡೆದು ಬರುತ್ತಿದ್ದೆ. ವರಮಹಾಲಕ್ಷ್ಮಿ ಹಬ್ಬ ಮುಗಿದ ಮುಂದಿನ ವಾರಕ್ಕೆ ದಿನ ಗೊತ್ತಾಯಿತು.

ಮಂಗಳೂರಿನ ಟೀಚರ್ ಚೀಲಕ್ಕೆ ಏನೇನು ಹಾಕಬೇಕು ಅಂತ ಬರೆದು ಕಳಿಸಿದರು. ಮುಂದೆ ಗುಂಡಿ ಇರುವ ಸಡಿಲ ನೈಟಿ ಮೂರು. ಸೊಂಟ ಬಿಗಿಯದ ಒಳಉಡುಪು. ಉದ್ದ ವೈರಿನ ಚಾರ್ಜರ್. ಬಗ್ಗಿದರೆ ನೋವು, ಅದಕ್ಕೆ ಸಿಕ್ಕಿಸಿಕೊಳ್ಳುವ ಚಪ್ಪಲಿ. ಕೊನೆಯಲ್ಲಿ ಒಂದು ಸಾಲು: "ಕಾಲುಂಗುರ ಮನೆಯಲ್ಲೇ ತೆಗೆದು ಹೋಗಿ." ಸಣ್ಣ ಮಾತು ಅನ್ನಿಸಬಹುದು. ನನ್ನ ಕಾಲುಂಗುರ ಮದುವೆಯಾದಾಗಿನಿಂದ ತೆಗೆದದ್ದೇ ಇಲ್ಲ. ಸೋಪು ಹಚ್ಚಿ ಅರ್ಧ ಗಂಟೆ ಬೇಕಾಯಿತು. ಆಪರೇಷನ್ ದಿನ ಬೆಳಿಗ್ಗೆ ಆ ಗಡಿಬಿಡಿ ಆಗಿದ್ದರೆ ನನ್ನ ಧೈರ್ಯವೆಲ್ಲಾ ಅಲ್ಲೇ ಇಳಿದುಹೋಗುತ್ತಿತ್ತು.

ತಾಳಿ ತೆಗೆಯುವ ಮಾತು ಅತ್ತೆಗೆ ಹೇಗೆ ಹೇಳುವುದು ಅಂತ ಎರಡು ದಿನ ಒದ್ದಾಡಿದ್ದೆ. ಅವರು ಒಂದು ಮಾತೂ ಆಡಲಿಲ್ಲ. ತಾವೇ ನನ್ನ ಕೊರಳಿಂದ ತೆಗೆದು, ತಮ್ಮ ಸೆರಗಿನ ತುದಿಗೆ ಕಟ್ಟಿಕೊಂಡರು. "ನನ್ ಹತ್ರ ಇರುತ್ತೆ. ಹುಷಾರಾಗಿ ಬಾ" ಅಂದರು. ಅತ್ತೆ, ಅದನ್ನು ನಾನು ಮರೆಯುವುದಿಲ್ಲ.

ಹೊಟ್ಟೆಗೆ ಸಣ್ಣ ತೂತು ಮಾಡಿ ನಡೆಸುವ ಕೀಹೋಲ್ ಆಪರೇಷನ್, ಮೂರೂವರೆ ಗಂಟೆ ನಡೆಯಿತಂತೆ. ನನಗೆ ನೆನಪಿರುವುದು ಎಚ್ಚರವಾದ ಮೇಲಿನ ನಡುಕ. ಆಮೇಲೆ ಮಧ್ಯರಾತ್ರಿಯ ಹೊತ್ತಿಗೆ ಬಲ ಹೆಗಲಲ್ಲಿ ಚುಚ್ಚಿದಂಥ ನೋವು. ಹೊಟ್ಟೆಗಿಂತ ಜಾಸ್ತಿ. ಉಸಿರೆಳೆದರೆ ಇನ್ನೂ ಜಾಸ್ತಿ. ಮೊದಲೇ ಗೊತ್ತಿಲ್ಲದಿದ್ದರೆ ಹೃದಯಕ್ಕೆ ಏನೋ ಆಯಿತು ಅಂತ ಹೆದರಿಬಿಡುತ್ತಿದ್ದೆ. ಹುಬ್ಬಳ್ಳಿಯ ಅಕ್ಕ ಹಿಂದಿನ ದಿನವೇ ಹೇಳಿದ್ದರು: "ಹೆಗಲು ನೋಯ್ತೈತಿ, ಅಂಜಬ್ಯಾಡ. ಹೊಟ್ಟಿ ಉಬ್ಬಿಸಾಕ ಗ್ಯಾಸ್ ಹಾಕಿರ್ತಾರ, ಅದು ಮ್ಯಾಲೆ ಏರಿ ಕಾಡ್ತೈತಿ. ಎದ್ದು ನಾಕ್ ಹೆಜ್ಜಿ ಹಾಕಿದ್ರ ಇಳಿತೈತಿ." ಹೊಟ್ಟೆ ಮತ್ತು ಎದೆಯ ನಡುವಿನ ಪರದೆಗೆ ಗ್ಯಾಸ್ ಕಿರಿಕಿರಿ ಮಾಡಿದಾಗ, ಅದೇ ನರದ ದಾರಿಯಲ್ಲಿ ನೋವು ಹೆಗಲಲ್ಲಿ ಕಾಣುತ್ತದಂತೆ. ನರ್ಸ್‌ಗೆ ಹೇಳಿದೆ. ಅವರೂ ನೋಡಿ, ಅದೇ ಅಂದರು. ಬೆಳಿಗ್ಗೆ ಮೂತ್ರದ ನಳಿಕೆ ತೆಗೆದ ಕೂಡಲೇ ಗಂಡನ ಕೈ ಹಿಡಿದು ಕಾರಿಡಾರಿನಲ್ಲಿ ನಡೆದೆ. ಎದ್ದೇಳುವಾಗ ನೇರ ಏಳಬಾರದು, ಒಂದು ಮಗ್ಗುಲಿಗೆ ಹೊರಳಿ, ಕಾಲು ಇಳಿಬಿಟ್ಟು, ಕೈ ಊರಿ ಏಳಬೇಕು. ಅದನ್ನೂ ನೀವೇ ಕಲಿಸಿದ್ದು. ಆ ರಾತ್ರಿ ನೋವು ಇತ್ತು, ಆದರೆ ಹೆದರಿಕೆ ಇರಲಿಲ್ಲ. ನೀವು ನನಗೆ ಕೊಟ್ಟದ್ದು ಇದನ್ನೇ.

ಒಂದು ವಿಷಯದಲ್ಲಿ ನೀವೆಲ್ಲ ತುಂಬಾ ಕಟ್ಟುನಿಟ್ಟು. "ಜ್ವರ 100.4 ದಾಟಿದ್ರೆ, ಗಾಯದಲ್ಲಿ ಕೀವು ಬಂದ್ರೆ, ಮೂತ್ರ ಬರದಿದ್ರೆ, ಮೀನಖಂಡ ಊದಿದ್ರೆ, ನಮಗೆ ಮೆಸೇಜ್ ಮಾಡಬೇಡ. ಆಸ್ಪತ್ರೆಗೆ ಫೋನ್ ಮಾಡು." ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೆವು.

ಎಂಟನೇ ದಿನ ಬೆಂಗಳೂರಿನಿಂದ ಕಾರಿನಲ್ಲಿ ಊರಿಗೆ ಹೊರಟೆವು. ಶಿವಮೊಗ್ಗಕ್ಕೆ ಸುಮಾರು 300 ಕಿಲೋಮೀಟರ್. ಒಂದೊಂದು ರಸ್ತೆ ಉಬ್ಬಿಗೂ ಹೊಟ್ಟೆಯೊಳಗೆ ಎಳೆದಂತಾಗುತ್ತಿತ್ತು. ತುಮಕೂರು ದಾಟುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ತಿಪಟೂರಿನ ಅಕ್ಕ ತಮ್ಮೂರಿನ ಮುಖ್ಯರಸ್ತೆಯಲ್ಲೇ ಕಾಯುತ್ತಿದ್ದರು. ಅವರನ್ನು ಅದುವರೆಗೆ ಮುಖತಃ ನೋಡಿಯೇ ಇರಲಿಲ್ಲ. ಮನೆಗೆ ಕರೆದುಕೊಂಡು ಹೋಗಿ, ಫ್ಯಾನ್ ಹಾಕಿ, ಮಲಗಿಸಿದರು. ಯಾಕೆ, ಏನು, ಹೇಗಾಯ್ತು ಅಂತ ಏನೂ ಕೇಳಲಿಲ್ಲ. ಒಂದು ಗಂಟೆ ನಿದ್ದೆ ಹೋದೆ. ಎದ್ದಾಗ ಬಿಸಿ ಅನ್ನ, ತಿಳಿಸಾರು, ಒಂದು ಚಮಚ ತುಪ್ಪ. ಹೊರಡುವಾಗ ಹಳೆ ಕಾಟನ್ ಸೀರೆಯಲ್ಲಿ ಹೊಲಿದ ಪುಟ್ಟ ದಿಂಬು ಕೊಟ್ಟರು. "ಕೆಮ್ಮೋವಾಗ, ಸೀನೋವಾಗ ಹೊಟ್ಟೆಗೆ ಒತ್ಕೋ ಕಣಮ್ಮ. ಸೀಟ್ ಬೆಲ್ಟಿಗೂ ಹೊಟ್ಟೆಗೂ ಮಧ್ಯೆ ಇಟ್ಕೋ." ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ. ಮನೆ ಮುಟ್ಟುವವರೆಗೂ ಆ ದಿಂಬನ್ನು ಕೈಬಿಡಲಿಲ್ಲ.

ಅಮ್ಮ ಬಂದು ಒಂದು ಬಾಣಂತನವನ್ನೇ ಮಾಡಿದಳು. ಹೊಟ್ಟೆಗೆ ಬಟ್ಟೆ ಬಿಗಿಯಬೇಕು ಅಂತ ಹಠ ಮಾಡಿದ್ದಳು. ಡಾಕ್ಟರು ಬೇಡ ಅಂದ ಮೇಲೆ ಬಿಟ್ಟಳು. ಗಂಜಿ, ಜೀರಿಗೆ ನೀರು, ಪರಂಗಿ ಹಣ್ಣು. ನೋವಿನ ಮಾತ್ರೆಗಳಿಂದ ಮಲ ಕಟ್ಟುತ್ತೆ, ತಿಣುಕಿದರೆ ಜೀವ ಹೋದಂತಾಗುತ್ತೆ, ಆಗ ಆ ಪರಂಗಿ ಹಣ್ಣೇ ನನ್ನ ಕಾಪಾಡಿದ್ದು. ಗೌರಿ ಗಣೇಶ ಹಬ್ಬದ ಹೊತ್ತಿಗೆ ಎರಡು ವಾರ. ಕಡುಬಿಗೆ ಕೈ ಹಚ್ಚಲಾಗಲಿಲ್ಲ, ಕುರ್ಚಿಯಲ್ಲಿ ಕೂತು ನೋಡಿದೆ. ಬಂದವರು "ಕೀಹೋಲ್ ತಾನೆ, ಇನ್ನೂ ಸುಸ್ತಾ?" ಅಂದರು. ಹೊರಗೆ ಕಾಣುವುದು ನಾಲ್ಕು ಸಣ್ಣ ಗಾಯ. ಒಳಗೆ ಎಷ್ಟು ಬಿಡಿಸಿದ್ದಾರೆ ಅಂತ ಅವರಿಗೆ ಹೇಗೆ ಕಾಣಬೇಕು? ನಿಮಗೆ ಮಾತ್ರ ಅದನ್ನು ವಿವರಿಸಬೇಕಾಗಲಿಲ್ಲ.

ನವೆಂಬರ್ ತಿಂಗಳ ಬಗ್ಗೆ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ. ಆಪರೇಷನ್ ನಂತರ ಡೈನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ಕೊಟ್ಟಿದ್ದರು. ಎಷ್ಟೋ ಜನರಿಗೆ ಅದು ಚೆನ್ನಾಗಿ ಹೊಂದುತ್ತದೆ. ನಮ್ಮ ಗುಂಪಿನಲ್ಲೇ ನಾಲ್ವರಿದ್ದಾರೆ. ನನಗೆ ಹೊಂದಲಿಲ್ಲ. ಕಾರಣವೇ ಇಲ್ಲದೆ ಬೆಳಿಗ್ಗೆ ಅಳು. ಯಾರ ಮುಖವೂ ಬೇಡ. ಬದುಕಿನ ಮೇಲೆ ಆಸೆಯೇ ಇಲ್ಲದ ಹಾಗೆ. ನಾನು ಗುಂಪಿಗೆ ಉತ್ತರಿಸುವುದನ್ನು ಬಿಟ್ಟಾಗ ಮಂಗಳೂರಿನ ಟೀಚರ್ ನನ್ನ ಗಂಡನಿಗೇ ಫೋನ್ ಮಾಡಿದರು. "ಮಾತ್ರೆಯಿಂದ ಇರಬಹುದು, ತಡ ಮಾಡಬೇಡಿ, ಡಾಕ್ಟರಿಗೆ ಹೇಳಿ. ತಾವಾಗಿಯೇ ನಿಲ್ಲಿಸಬೇಡಿ" ಅಂದರು. ಡಾಕ್ಟರು ನೋಡಿ ನಿಲ್ಲಿಸಿದರು. ಕೆಲವು ವಾರಗಳಲ್ಲಿ ನಾನು ನಾನಾದೆ. ಟೀಚರ್, ಆ ಒಂದು ಫೋನಿಗೆ ನಾನು ಏನು ಕೊಟ್ಟರೂ ಕಡಿಮೆಯೇ.

ತಿಪಟೂರಿನ ಅಕ್ಕನಿಗೆ ಇನ್ನೊಂದು ಋಣ ಇದೆ. ಅವರಿಗೆ 38ನೇ ವಯಸ್ಸಿನಲ್ಲಿ ಗರ್ಭಕೋಶ ತೆಗೆದಿದ್ದಾರೆ. ನೋವು ಕಡಿಮೆಯಾಯಿತು, ಹೋಗಲಿಲ್ಲ. ಹೊರಗೆ ಬೆಳೆದದ್ದು ಉಳಿದಿತ್ತು. ಇದನ್ನು ಅವರು ನನಗೆ ಮುಚ್ಚಿಡಲಿಲ್ಲ. ನಮ್ಮ ಕಡೆ "ಗರ್ಭಕೋಶ ತೆಗೆಸಿಬಿಡು, ಪೀಡೆ ಹೋಗುತ್ತೆ" ಅನ್ನುವುದು ಎಷ್ಟು ಸಲೀಸು ನೋಡಿ. ನನ್ನದೂ ಮತ್ತೆ ಬರಬಹುದು. ಆಪರೇಷನ್‌ಗೆ ಮೊದಲೇ ನೀವೆಲ್ಲ ಅದನ್ನು ಹೇಳಿದ್ದಿರಿ. ಎಲ್ಲಾ ಸರಿಹೋಗುತ್ತೆ ಅಂತ ಸುಮ್ನೆ ಹೇಳಿದ್ದರೆ, ಮಾತ್ರೆ ನಿಂತ ಮೇಲಿನ ಮೊದಲ ಮುಟ್ಟು ಡಿಸೆಂಬರ್‌ನಲ್ಲಿ ಅಷ್ಟು ಕೆಟ್ಟದಾಗಿ ಬಂದಾಗ ನಾನು ಮುರಿದುಹೋಗುತ್ತಿದ್ದೆ. ಅದು ಜೋರಾಗಿರಬಹುದು ಅಂತ ಗೊತ್ತಿತ್ತು. ತಡೆದುಕೊಂಡೆ. ಜನವರಿಯದು ಪರವಾಗಿಲ್ಲ. ಈ ತಿಂಗಳದ್ದು ಹೇಗಿತ್ತು ಅಂತ ಮೊದಲೇ ಬರೆದೆನಲ್ಲ.

ನಮ್ಮ ಮ್ಯಾನೇಜರ್ ಅವರಿಗೂ ಹೇಳಬೇಕು. 2025ರ ಅಕ್ಟೋಬರ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡಲು ನಮ್ಮ ರಾಜ್ಯದ ಸಚಿವ ಸಂಪುಟ ಒಪ್ಪಿತು. ಸುದ್ದಿ ಪೇಪರಿನಲ್ಲಿ ಬಂದ ದಿನ ಅವರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅದನ್ನು ಓದಿ, ನನ್ನ ಕಡೆ ತಿರುಗಿ, "ಇಷ್ಟು ವರ್ಷ ನಮಗೆ ಗೊತ್ತಾಗ್ಲಿಲ್ಲಮ್ಮ" ಅಂದರು. ಒಂದು ದಿನ ನನ್ನಂಥವರಿಗೆ ಸಾಲುತ್ತಿರಲಿಲ್ಲ. ಆದರೆ ಮುಟ್ಟು ಅನ್ನುವ ಮಾತು ಆಫೀಸಿನಲ್ಲಿ ಗಟ್ಟಿಯಾಗಿ ಕೇಳಿಸಿತು. ನನಗೆ ಅದು ದೊಡ್ಡದೇ. ಮತ್ತೆ ನನ್ನ ಗಂಡ. ಹತ್ತು ರಾತ್ರಿ ನೆಲದ ಮೇಲೆ ಮಲಗಿ, ನಾನು ಮಗ್ಗುಲು ಬದಲಿಸಿದಾಗಲೆಲ್ಲಾ ಎದ್ದವರು.

ತಿಪಟೂರಿನ ಅಕ್ಕ, ನಿಮ್ಮ ದಿಂಬನ್ನು ನಿನ್ನೆ ಒಗೆದು ಬಿಸಿಲಿಗೆ ಹಾಕಿದ್ದೆ. ದಾವಣಗೆರೆಯ ಆ ಹೊಸ ಹುಡುಗಿಗೆ ಗುರುವಾರ ಆಪರೇಷನ್. ಬುಧವಾರ ಸಂಜೆ ನಾನೇ ಹೋಗಿ ಕೊಟ್ಟು ಬರುತ್ತೇನೆ. ಹೆಗಲಿನ ವಿಷಯ ಅವಳಿಗೆ ಹೇಳಿಯಾಗಿದೆ. ಕಾಲುಂಗುರ ಇಲ್ಲ, ಇನ್ನೂ ಮದುವೆಯಾಗಿಲ್ಲ, ಆದರೆ ಮೂಗುತಿ ಇದೆ, ಅದು ತಿರುಪು ಬಿಚ್ಚಲು ಬರುತ್ತಿಲ್ಲವಂತೆ. ಅಕ್ಕಸಾಲಿಗರ ಹತ್ತಿರ ಇವತ್ತೇ ಹೋಗು ಅಂದಿದ್ದೇನೆ. ಗುರುವಾರ ರಾತ್ರಿ ಅವಳು ಎಷ್ಟು ಹೊತ್ತಿಗೆ ಫೋನ್ ಮಾಡಿದರೂ ಎತ್ತಬೇಕು, ಅದಕ್ಕೆ ಶುಕ್ರವಾರ ರಜೆ ಹಾಕಿದ್ದೇನೆ.