ನಮ್ಮ ಗಾಡಿ 11.9ಕ್ಕೆ ಓಡಿತು: ಕಾರವಾರದವರಿಗೆ ದೊಡ್ಡ ಥ್ಯಾಂಕ್ಸ್

ಮೊನ್ನೆ ಲೋನಾವಳಾ ಹತ್ತಿರದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನಲ್ಲಿ ನಮ್ಮ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರು ಕಾಲು ಮೈಲಿಯನ್ನು, ಅಂದ್ರೆ 402 ಮೀಟರನ್ನು, 11.9 ಸೆಕೆಂಡಿನಲ್ಲಿ ಮುಗಿಸಿತು. ಗೆರೆ ದಾಟುವಾಗ ವೇಗ ಗಂಟೆಗೆ 190 ಕಿಲೋಮೀಟರ್ ಮೀರಿತ್ತು. ಕಂಪನಿಯಿಂದ ಹೊರಬಂದಾಗ 150 ಎಚ್‌ಪಿ ಇದ್ದ ಗಾಡಿ ಇದು. ಈಗ ಡೈನೊ, ಅಂದ್ರೆ ಶಕ್ತಿ ಅಳೆಯುವ ಯಂತ್ರದ, ಮೇಲೆ ನಿಲ್ಲಿಸಿದರೆ ಚಕ್ರದಲ್ಲೇ 400ರ ಹತ್ತಿರ ತೋರಿಸುತ್ತದೆ.

ಓಡಿಸಿದವನು ನಾನು, ಹಾಗಾಗಿ ಓಟದ ಸಮಯ ಬರೆದುಕೊಡುವ ಚೀಟಿ, ಟೈಮ್ ಸ್ಲಿಪ್, ಮೇಲೆ ನನ್ನ ಹೆಸರು ಮಾತ್ರ ಇದೆ. ಅದು ಸಾಲದು ಅಂತ ಅವತ್ತಿಂದ ಅನ್ನಿಸುತ್ತಿದೆ. ಈ ಗಾಡಿಯನ್ನು ಎದ್ದು ನಿಲ್ಲಿಸಿದ್ದು ಕಾರವಾರದ ಬೈತಖೋಲ ಬಂದರಿನ ಜನ. ಬೋಟಿನ ಇಂಜಿನ್ ಬಿಚ್ಚಿ ಕಟ್ಟುವವರು, ಪೈಪ್ ಬೆಸುಗೆ ಹಾಕುವವರು, ಮೀನಿಗೆ ಐಸ್ ತುಂಬುವವರು. "ನಮ್ಮ ಹೆಸರೆಲ್ಲ ಹಾಕಬೇಡ ಮಾರಾಯ" ಅಂತ ಹೇಳಿದ್ದಾರೆ. ಹೆಸರು ಬಿಡುತ್ತೇನೆ. ಮಾಡಿದ ಕೆಲಸವನ್ನು ಮಾತ್ರ ಹೇಳಿಯೇ ಹೇಳುತ್ತೇನೆ.

ಮೊದಲು ಶಿರಸಿಯ ಹೆಗಡೇರಿಗೆ. ಗಾಡಿ ಅವರ ಮನೆಯ ಕೊಟ್ಟಿಗೆಯ ಪಕ್ಕ ಶೆಡ್ಡಿನಲ್ಲಿ ನಿಂತಿತ್ತು. ನೋಡಲು ಹೋದವನ ಕೈಯಲ್ಲಿ ಅರ್ಧ ದುಡ್ಡೂ ಇರಲಿಲ್ಲ. ಅವರು ಊಟ ಹಾಕಿದರು, ಕೀಲಿ ಕೊಟ್ಟರು, "ಉಳಿದದ್ದು ನಿಧಾನಕ್ಕೆ ಕೊಡು, ಗಾಡಿ ಹಾಳು ಮಾಡ್ಬೇಡ" ಅಂದರು. ಕಾಗದ ಪತ್ರ ಏನೂ ಮಾಡಿಸಿಕೊಳ್ಳಲಿಲ್ಲ. ಕೊನೆಯ ಕಂತು ಕೊಡಲು ಹೋದಾಗ ಗಾಡಿಯ ವಿಡಿಯೊ ತೋರಿಸಿದೆ. ಅವರ ಕಣ್ಣಲ್ಲಿ ಕಂಡ ಖುಷಿ ನನಗೆ ಯಾವ ಕಪ್‌ಗಿಂತಲೂ ಜಾಸ್ತಿ.

ಇದರ ಇಂಜಿನ್ 1.8 ಲೀಟರ್ ಟರ್ಬೊ, ಒಂದು ಸಿಲಿಂಡರಿಗೆ ಐದು ವಾಲ್ವ್. ಬ್ಲಾಕ್ ಎರಕದ ಕಬ್ಬಿಣದ್ದು, ಗಟ್ಟಿ. ದುರ್ಬಲ ಜಾಗ ಅಂದರೆ ಕನೆಕ್ಟಿಂಗ್ ರಾಡ್, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಸರಳು. 300 ಎಚ್‌ಪಿ ಆಸುಪಾಸಿಗೆ ಹೋದರೆ ಕಂಪನಿ ರಾಡ್ ಬಾಗುವ ಭಯ ಇರುತ್ತದೆ ಅಂತ ಈ ಇಂಜಿನ್ ಕಟ್ಟುವವರಿಗೆಲ್ಲ ಗೊತ್ತು. ಅದಕ್ಕೇ ಫೋರ್ಜ್ಡ್ ರಾಡ್, ಫೋರ್ಜ್ಡ್ ಪಿಸ್ಟನ್ (ಒತ್ತಿ ಬಡಿದು ಮಾಡಿದ, ಹೆಚ್ಚು ಗಟ್ಟಿಯವು) ಹಾಕಿಸಲು ದೊಡ್ಡ ಊರಿನ ಒಂದು ವರ್ಕ್‌ಶಾಪಿಗೆ ಗಾಡಿ ಕೊಟ್ಟಿದ್ದೆ. ಹಾಕಿದ್ದೇವೆ ಅಂತ ಬಿಲ್ ಕೊಟ್ಟರು. 2024ರ ಬೇಸಿಗೆಯಲ್ಲಿ ರಾಡ್ ಮುರಿದು ಬ್ಲಾಕಿನ ಗೋಡೆ ಒಡೆದು ಹೊರಬಂತು. ಬಿಚ್ಚಿ ನೋಡಿದರೆ ಒಳಗಿದ್ದವು ಕಂಪನಿ ರಾಡ್‌ಗಳೇ. ಆಮೇಲೆ ಅವರು ಫೋನ್ ಎತ್ತಲಿಲ್ಲ. ಕೂಡಿಟ್ಟ ದುಡ್ಡೆಲ್ಲ ಅಲ್ಲೇ ಹೋಗಿತ್ತು. ಗಾಡಿಯನ್ನು ಗುಜರಿಗೆ ಕೊಡುವ ಮಾತು ಮನೆಯಲ್ಲಿ ಬಂದಿತ್ತು, ಬಂದಿದ್ದು ನನ್ನ ಬಾಯಿಂದಲೇ.

ಆಗ ಕೈ ಹಿಡಿದವರು ಬಂದರಿನ ಮೇಸ್ತ್ರಿ ಮಾಮಾ. ಜೀವಮಾನ ಪೂರ್ತಿ ಟ್ರಾಲರ್ ಮತ್ತು ಪರ್ಸೀನ್ ಬೋಟುಗಳ ಡೀಸೆಲ್ ಇಂಜಿನ್ ಕಟ್ಟಿದವರು. ಒಡೆದ ಬ್ಲಾಕನ್ನು ಎರಡೂ ಕಡೆಯಿಂದ ನೋಡಿದರು. "ಟರ್ಬೊ ನಮಗೇನು ಹೊಸದಾ? ಬೋಟಿಗೂ ಅದೇ ಇರ್ತದೆ. ಬ್ಲಾಕ್ ಹುಡುಕು, ಉಳಿದದ್ದು ನಾನು ನೋಡ್ತೇನೆ" ಅಂದರು. ಕರಾವಳಿಯವರಿಗೆ ಈ ಮಾತಿನ ಬೆಲೆ ಬೇಗ ತಿಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟೆಲ್ಲ ದಡಕ್ಕೆ ಬರುತ್ತವೆ, ಇಂಜಿನ್ ಕೆಲಸ ಎಲ್ಲಾ ಆ ಎರಡೇ ತಿಂಗಳಲ್ಲಿ ಮುಗಿಯಬೇಕು. ಮೇಸ್ತ್ರಿಗಳಿಗೆ ಊಟಕ್ಕೂ ಪುರಸೊತ್ತು ಇರದ ಹೊತ್ತು ಅದು. ಆ ಹೊತ್ತಲ್ಲಿ ಅವರು ರಾತ್ರಿ ನನಗೆ ಸಮಯ ಕೊಟ್ಟರು.

ಬೇರೆ ಬ್ಲಾಕ್ ಸಿಕ್ಕಿದ್ದು ಮಂಗಳೂರಿನಲ್ಲಿ. ಅಲ್ಲೇ ಸಿಲಿಂಡರ್ ಬೋರ್ ಮಾಡಿಸಿ, 81 ಮಿಲಿಮೀಟರ್ ಅಗಲ ಇದ್ದದ್ದನ್ನು 82 ಮಾಡಿಸಿ, ಒಳಮೈ ಉಜ್ಜಿ ನಯ ಮಾಡುವ ಹೋನಿಂಗ್ ಮುಗಿಸಿ ಲಾರಿಗೆ ಹಾಕಿದರು. ಅದು ಕುಮಟಾ ತನಕ ಬಂದಿತ್ತು. ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ಮಣ್ಣು ಗಂಗಾವಳಿ ನದಿಯವರೆಗೂ ನುಗ್ಗಿತು. ಜನ ಸತ್ತರು. ಆ ದಿನಗಳಲ್ಲಿ ಬ್ಲಾಕಿನ ಮಾತು ನಾನು ಎತ್ತಲೂ ಇಲ್ಲ. ಎತ್ತುವ ಹೊತ್ತೂ ಅಲ್ಲ ಅದು.

ಹಾಗಿದ್ದರೂ ಕುಮಟಾದ ಭಾವ, ನನ್ನ ಅಕ್ಕನ ಗಂಡ, ತಾವಾಗೇ ಲಾರಿಯಿಂದ ಬ್ಲಾಕ್ ಇಳಿಸಿಕೊಂಡಿದ್ದರು. ಮಳೆ ಕಡಿಮೆಯಾದ ಒಂದು ದಿನ ಅದಕ್ಕೆ ಎಣ್ಣೆ ಸವರಿ, ಪ್ಲಾಸ್ಟಿಕ್ ಸುತ್ತಿ, ಗೋಣಿಚೀಲಕ್ಕೆ ಹಾಕಿ, ಪಕ್ಕದ ಮನೆ ಹುಡುಗನ ಜೊತೆ ರೈಲು ಹತ್ತಿದರು. ಕಾರವಾರದ ಶಿರವಾಡ ಸ್ಟೇಷನ್ನಿನಲ್ಲಿ ಇಬ್ಬರೂ ಅದನ್ನು ಎತ್ತಿಕೊಂಡು ಇಳಿಯುವುದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ. ಹೊಸದಾಗಿ ಹೋನ್ ಮಾಡಿದ ಸಿಲಿಂಡರಿಗೆ ನಮ್ಮ ಮಳೆಗಾಲದ ಗಾಳಿ ತಾಗಿದರೆ ಬೇಗ ತುಕ್ಕು ಹಿಡಿಯುತ್ತದೆ. ನಾಲ್ಕೂ ಸಿಲಿಂಡರ್ ಕನ್ನಡಿಯ ಹಾಗೆ ಇದ್ದವು. ಭಾವಾ, ಅವತ್ತು ನಿಮಗೆ ಚಾ ಕೂಡ ಸರಿಯಾಗಿ ಕೊಡಲಿಲ್ಲ. ಈಗ ಹೇಳುತ್ತಿದ್ದೇನೆ: ಥ್ಯಾಂಕ್ಸ್.

ಮಾಮಾ ರಿಂಗ್ ಕೂರಿಸಿದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಬೂಸ್ಟ್, ಅಂದ್ರೆ ಟರ್ಬೊ ಒಳಗೆ ತಳ್ಳುವ ಗಾಳಿಯ ಒತ್ತಡ, ಜಾಸ್ತಿಯಾದರೆ ಬಿಸಿ ಜಾಸ್ತಿ, ರಿಂಗ್ ಹಿಗ್ಗುತ್ತದೆ. ಸಂದು ಸಾಲದಿದ್ದರೆ ತುದಿಗಳು ಒಂದಕ್ಕೊಂದು ಒತ್ತಿ ಪಿಸ್ಟನ್ನಿನ ಅಂಚೇ ಒಡೆದು ಹೋಗುತ್ತದೆ. ನಮ್ಮ ಗಾಡಿಗೆ ಬೇಕಿದ್ದದ್ದು ಅರ್ಧ ಮಿಲಿಮೀಟರಿಗೆ ಒಂದು ಕೂದಲಷ್ಟು ಕಡಿಮೆ. ಮಾಮಾ ಒಂದೊಂದೇ ರಿಂಗನ್ನು ಬೋರಿನೊಳಗೆ ಇಳಿಸುತ್ತಿದ್ದರು. ಪಿಸ್ಟನ್ನನ್ನು ತಲೆಕೆಳಗೆ ಹಿಡಿದು ರಿಂಗನ್ನು ಮೆಲ್ಲಗೆ ಒತ್ತಿ ನೇರ ಮಾಡುತ್ತಿದ್ದರು. ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆ ತೂರಿಸಿ ಕಣ್ಣು ಮುಚ್ಚುತ್ತಿದ್ದರು, ಬೆರಳಿಗೆ ಸಿಗುವ ಎಳೆತ ಗೊತ್ತಾಗಲಿ ಅಂತ. ಹೊರತೆಗೆದು ಸಣ್ಣ ಅರದಿಂದ ಒಂದೇ ದಿಕ್ಕಿಗೆ ಎರಡು ಸಲ ಉಜ್ಜಿ, ಮತ್ತೆ ಒಳಗೆ. ಎಂಟು ಕಂಪ್ರೆಷನ್ ರಿಂಗ್, ಒಂದೂ ಬಿಡದೆ. ಯಾವ ರಿಂಗ್ ಯಾವ ಸಿಲಿಂಡರಿಗೆ ಅಂತ ಬೀಡಿ ಪ್ಯಾಕೆಟ್ಟಿನ ಕಾಗದದ ಮೇಲೆ ಬರೆದಿಟ್ಟಿದ್ದರು. ಆ ಕಾಗದ ಈಗಲೂ ನನ್ನ ಹತ್ತಿರ ಇದೆ.

ಇಂಜಿನ್ನಿನ ಹೊಗೆಯನ್ನು ಟರ್ಬೊಗೆ ಒಯ್ಯುವ ಪೈಪುಗಳ ಜೋಡಣೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಮಾಡಿದ್ದು ಸದಾಶಿವಗಡದ ದಾದಾ. ಐಸ್ ಪ್ಲಾಂಟುಗಳ ಪೈಪಿನ ಕೆಲಸ ಮಾಡಿ ಮಾಡಿ ಆರ್ಗಾನ್ ವೆಲ್ಡಿಂಗಿನಲ್ಲಿ ಅವರ ಕೈ ಪಳಗಿದೆ. ಹೊಸ ದೊಡ್ಡ ಟರ್ಬೊ ಇಂಜಿನ್ನಿಗೆ ಜೋತುಬೀಳುವುದು ಈ ಮ್ಯಾನಿಫೋಲ್ಡಿನ ಮೇಲೆಯೇ. ಪೂರ್ತಿ ಬೂಸ್ಟಿನಲ್ಲಿ ಇದು ಕೆಂಪಗೆ ಕಾಯುತ್ತದೆ, ಮತ್ತೆ ತಣ್ಣಗಾಗುತ್ತದೆ. ವೆಲ್ಡ್ ಚೂರು ಸರಿಯಿಲ್ಲದಿದ್ದರೂ ಬಿರುಕು. ಇಂಜಿನ್ನಿಗೆ ಕೂರುವ ದಪ್ಪ ಫ್ಲ್ಯಾಂಜ್ ಪ್ಲೇಟು ವೆಲ್ಡ್ ಬಿಸಿಗೆ ಬಾಗದಿರಲಿ ಅಂತ ದಾದಾ ಅದನ್ನು ನಮ್ಮ ಹಳೆಯ ಸಿಲಿಂಡರ್ ಹೆಡ್ಡಿಗೇ ಬೋಲ್ಟ್ ಮಾಡಿ ಬಿಗಿದರು. ಒಂದು ಕಡೆ ಸ್ವಲ್ಪ, ಆಮೇಲೆ ಎದುರು ಕಡೆ ಸ್ವಲ್ಪ, ತಣಿಯಲು ಬಿಟ್ಟು ಮತ್ತೆ ಸ್ವಲ್ಪ. ಆರ್ಗಾನ್ ಗ್ಯಾಸನ್ನು ಪೈಪಿನ ಒಳಗೂ ಹರಿಸಿದರು. ಹಾಗೆ ಮಾಡದಿದ್ದರೆ ಒಳಗಿನ ಮೈ ಸುಟ್ಟು ಹರಳುಗಟ್ಟುತ್ತದೆ, ಆ ಹರಳು ಉದುರಿದರೆ ನೇರ ಟರ್ಬೊ ಚಕ್ರಕ್ಕೆ ಏಟು.

ಈ ಕೆಲಸದ ಮಧ್ಯೆಯೇ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಲಾರಿ ಸಮೇತ ನೀರಿಗೆ ಬಿದ್ದ ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಬದುಕಿಸಿದರು. ದಾದಾನ ಮನೆ ಆಚೆ ದಡ, ನನ್ನ ಗ್ಯಾರೇಜ್ ಈಚೆ ದಡ. ಹೊಸ ಸೇತುವೆಯ ಮೇಲೆ ಗಾಡಿ ಬಿಡಲು ಶುರು ಮಾಡಿದ ಮೇಲೆ, ಬೈಕಿನ ಹಿಂದೆ ಮ್ಯಾನಿಫೋಲ್ಡ್ ಕಟ್ಟಿಕೊಂಡು ಅವರೇ ಬಂದರು. ಇವತ್ತಿನ ತನಕ ಅದರಲ್ಲಿ ಒಂದು ಗೆರೆ ಬಿರುಕಿಲ್ಲ.

ಇನ್ನು ನನ್ನ ಹೆಂಡತಿ. ಅವಳು ಕಾಲೇಜಿನಲ್ಲಿ ಗಣಿತದ ಮೇಡಂ. ಗಾಡಿ ಅಂದರೆ ಅವಳಿಗೆ ಸ್ಕೂಟಿ ಸಾಕು. ಬೆಂಗಳೂರಿನಲ್ಲಿ ಡೈನೊ ಮಾಡಿಸುವಾಗ ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಇದ್ದಕ್ಕಿದ್ದಂತೆ ಇಳಿಯುತ್ತಿತ್ತು. ಇಗ್ನಿಷನ್ ಇರಬೇಕು, ಟರ್ಬೊ ಸಣ್ಣದಾಯಿತು ಅಂತೆಲ್ಲ ಮಾತಾಯಿತು. ಓಡುವಾಗಿನ ಅಳತೆಗಳೆಲ್ಲ ಇರುವ ಲಾಗ್ ಫೈಲನ್ನು ಮನೆಗೆ ತಂದೆ. ಅವಳು ಉತ್ತರ ಪತ್ರಿಕೆ ತಿದ್ದುವುದನ್ನು ಪಕ್ಕಕ್ಕಿಟ್ಟು ಆ ಸಾಲುಗಳನ್ನೆಲ್ಲ ಗ್ರಾಫ್ ಮಾಡಿದಳು. "ಬೂಸ್ಟ್ ಏರಿದಷ್ಟೇ ಪೆಟ್ರೋಲ್ ಪ್ರೆಶರೂ ಏರಬೇಕು ಅಂತ ನೀವೇ ಹೇಳಿದ್ದಲ್ವಾ? 6,000 ದಾಟಿದ ಮೇಲೆ ಈ ಗೆರೆ ಕೆಳಗೆ ಬರ್ತಿದೆ ನೋಡಿ" ಅಂದಳು. ಅಷ್ಟೇ ಸಾಕಾಯಿತು. ಕಂಪನಿ ಲೆಕ್ಕದಲ್ಲಿ ಈ ಇಂಜಿನ್ನಿಗೆ ಪೆಟ್ರೋಲ್ ಒತ್ತಡ 3 ಬಾರ್. ಒಂದೂವರೆ ಬಾರ್ ಬೂಸ್ಟ್ ಬಂದಾಗ ಅದು ನಾಲ್ಕೂವರೆ ಆಗಬೇಕು, ಇಲ್ಲದಿದ್ದರೆ ಇಂಜೆಕ್ಟರಿನಿಂದ ಬೇಕಾದಷ್ಟು ಪೆಟ್ರೋಲ್ ಹೊರಬರುವುದಿಲ್ಲ. ಪಂಪ್ ಹೊಸದೇ, ಆದರೆ ಅದಕ್ಕೆ ಕರೆಂಟ್ ಹೋಗುತ್ತಿದ್ದದ್ದು ಹಳೆಯ ತೆಳು ವೈರಿನಲ್ಲಿ. ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯುತ್ತಿತ್ತು. ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದು ರಿಲೇ ಹಾಕಿದೆವು. ಗೆರೆ ನೆಟ್ಟಗಾಯಿತು. ಪೆಟ್ರೋಲ್ ಕಡಿಮೆಯಾಗಿ ಓಡಿದ್ದರೆ ಪಿಸ್ಟನ್ ಕರಗುತ್ತಿತ್ತು. ಎರಡನೇ ಇಂಜಿನ್ನನ್ನು ಉಳಿಸಿದ್ದು ಅವಳು.

ಐಸ್ ಪ್ಲಾಂಟಿನ ಸಾಹುಕಾರರನ್ನು ಹೇಗೆ ಮರೆಯಲಿ! ಟರ್ಬೊ ಗಾಳಿಯನ್ನು ಒತ್ತಿದಾಗ ಗಾಳಿ ಕಾಯುತ್ತದೆ. ನಮ್ಮ ಬೂಸ್ಟಿಗೆ ಟರ್ಬೊ ಬಾಯಿಂದ ಬರುವ ಗಾಳಿ 150 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ. ಅದನ್ನು ಹಾಗೇ ಇಂಜಿನ್ನಿಗೆ ಕೊಟ್ಟರೆ ನಾಕಿಂಗ್, ಅಂದ್ರೆ ಪೆಟ್ರೋಲ್ ತಾನಾಗೇ ಹೊತ್ತಿ ಬಡಿಯುವುದು, ಖಂಡಿತ. ಅದಕ್ಕೆ ನೀರಿನಿಂದ ತಣಿಸುವ ಇಂಟರ್‌ಕೂಲರ್ ಹಾಕಿದ್ದೇವೆ, ಡಿಕ್ಕಿಯಲ್ಲಿ ಅದರ ನೀರಿನ ಟ್ಯಾಂಕ್. ರೇಸ್ ದಿನ ಟ್ಯಾಂಕಿಗೆ ಐಸ್ ತುಂಬಬೇಕು. ಒಂದು ಕಿಲೋ ಐಸ್ ಕರಗುವಾಗಲೇ 334 ಕಿಲೋಜೂಲ್ ಶಾಖ ಹೀರುತ್ತದೆ, ಹನ್ನೆರಡು ಸೆಕೆಂಡಿನ ಓಟಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಐಸ್ ಅಲ್ಲೇ ಕೊಳ್ಳಬಹುದಿತ್ತು. ಸಾಹುಕಾರರು ಕೇಳಲಿಲ್ಲ. ಮೀನು ಕಳಿಸುವ ಥರ್ಮೊಕೋಲ್ ಪೆಟ್ಟಿಗೆಗಳಲ್ಲಿ ಐಸ್ ತುಂಬಿ, ಟೇಪ್ ಸುತ್ತಿ, ಟೆಂಪೊಗೆ ಏರಿಸಿದರು. "ಬಂಗಡೆಗೆ ಕೊಡೋದು ನಿನ್ನ ಗಾಡಿಗೆ ಕೊಡಬಾರದಾ?" ಅಂದರು. ದುಡ್ಡು ತಗೊಳ್ಳಲಿಲ್ಲ. ಮರುದಿನ ಏರ್‌ಸ್ಟ್ರಿಪ್‌ನಲ್ಲಿ ಪೆಟ್ಟಿಗೆ ತೆಗೆದಾಗ ಐಸ್ ಗಟ್ಟಿಯಾಗೇ ಇತ್ತು. ನಮ್ಮ ಹುಡುಗರು ಗೋಣಿಚೀಲದಲ್ಲಿ ಹಾಕಿ ಕೊಡತಿಯಿಂದ ಕುಟ್ಟಿ ಪುಡಿ ಮಾಡಿದರು.

ಓಟದ ಬಗ್ಗೆ ಹೇಳಲು ಕಡಿಮೆ ಇದೆ, ಅದು ಅಷ್ಟು ಬೇಗ ಮುಗಿದು ಹೋಗುತ್ತದೆ. ಇದು ಮುಂದಿನ ಚಕ್ರ ಎಳೆಯುವ ಗಾಡಿ. ಚಿಮ್ಮುವಾಗ ಭಾರ ಹಿಂದಕ್ಕೆ ಹೋಗುತ್ತದೆ, ಮುಂದಿನ ಟೈರಿಗೆ ಹಿಡಿತ ತಪ್ಪುತ್ತದೆ. ಹಾಗಾಗಿ ಮೊದಲ ಎರಡು ಗೇರಿನಲ್ಲಿ ಬೂಸ್ಟ್ ಕಡಿಮೆ ಇಟ್ಟಿದ್ದೆವು, ಮೂರನೆಯದರಿಂದ ಪೂರ್ತಿ. ಹಸಿರು ದೀಪ ಬಂತು, ಕ್ಲಚ್ ಬಿಟ್ಟೆ, ಟೈರ್ ಒಂದು ಕ್ಷಣ ಜಾರಿ ಹಿಡಿಯಿತು. ಮೂರನೇ ಗೇರಿಗೆ ಬೆನ್ನು ಸೀಟಿಗೆ ಅಂಟಿದ್ದು ನೆನಪಿದೆ. ವಾಪಸ್ ಬಂದು ಚೀಟಿ ತೋರಿಸಿದಾಗ ಮೇಸ್ತ್ರಿ ಮಾಮಾ ಅದನ್ನು ನೋಡಲೇ ಇಲ್ಲ. ಮೊದಲು ಬಾನೆಟ್ ಎತ್ತಿಸಿ, ಐಡ್ಲಿಂಗ್ ಸದ್ದು ಕೇಳಿ, ಆಯಿಲ್ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿದರು. ಆಮೇಲೆ ನನ್ನ ಬೆನ್ನ ಮೇಲೆ ಕೈ ಇಟ್ಟರು.

ರಾತ್ರಿ ಸದ್ದು ಸಹಿಸಿಕೊಂಡ ಓಣಿಯವರಿಗೆ, ಅದರಲ್ಲೂ ಸಣ್ಣ ಮಗು ಇರುವ ಎದುರು ಮನೆಯವರಿಗೆ, ಕೈ ಮುಗಿದು ಥ್ಯಾಂಕ್ಸ್. ಗಾಡಿ ನೋಡಲು ಬರುವ ಹುಡುಗರಿಗೆ ಒಂದು ಮಾತು: ಈ ಗಾಡಿಯನ್ನು ನಾವು ಹೈವೇ ಮೇಲೆ ಒಂದು ಸಲವೂ ಟೆಸ್ಟ್ ಮಾಡಿಲ್ಲ, ಟ್ರಕ್ ಮೇಲೆ ಹೋಗಿ ಟ್ರಕ್ ಮೇಲೆ ಬಂದಿದೆ. ಟಾಗೋರ್ ಬೀಚ್ ರಸ್ತೆಯಲ್ಲಿ ಬೈಕ್ ಎಳೆಯುವವರು ದಯವಿಟ್ಟು ಇದನ್ನು ಓದಿ. ಓಡಿಸುವ ಆಸೆ ಇದ್ದರೆ ನನ್ನ ಹತ್ತಿರ ಬನ್ನಿ, ಲೈಸೆನ್ಸ್, ಹೆಲ್ಮೆಟ್, ಹೆಸರು ನೋಂದಾಯಿಸುವುದು ಎಲ್ಲಾ ಹೇಳಿಕೊಡುತ್ತೇನೆ.

ಈಗ ಗೇರ್‌ಬಾಕ್ಸ್ ಕೆಳಗಿಳಿದಿದೆ. ಈ ಐದು ಗೇರಿನ ಡಬ್ಬಿಗೆ ನಮ್ಮ ಟಾರ್ಕ್ (ಇಂಜಿನ್ ತಿರುಗಿಸುವ ಬಲ) ತುಸು ಭಾರವೇ, ಮೂರನೇ ಗೇರಿನ ಹಲ್ಲು ನೋಡಬೇಕು. ಈ ಭಾನುವಾರ ಬೆಳಿಗ್ಗೆ ಮೇಸ್ತ್ರಿ ಮಾಮಾ ಬರುತ್ತಾರೆ, ದಾದಾನೂ ಬರುತ್ತಾರೆ. ಮಧ್ಯಾಹ್ನಕ್ಕೆ ಎಲ್ಲರಿಗೂ ನಮ್ಮ ಮನೆಯಲ್ಲೇ ಊಟ, ಇಸೋಣ್ ಮೀನು ಸಿಕ್ಕರೆ ಇಸೋಣ್, ಇಲ್ಲದಿದ್ದರೆ ಬಂಗಡೆ. ಹೆಗಡೇರಿಗೆ ಬೇರೆ ಅಡುಗೆ ಮಾಡಿಸಿದ್ದೇನೆ. ಯಾರೂ ತಪ್ಪಿಸಬೇಡಿ.